ಫಿಲ್ಮ್ ಡಬ್ಬಿ ಮತ್ತು ನನ್ನ ಎಡಗಿವಿ

ನನ್ನ ಬಲಗಿವಿ ಕೇಳಿಸುವುದಿಲ್ಲ. ಮೊದಲ ಸಾಲಿನಲ್ಲೇ ಬರೆದುಬಿಟ್ಟೆ, ನೋಡಿ. ಈ ಒಂದು ಮಾತನ್ನು ನಾಲ್ಕು ಜನರೆದುರು ಜೋರಾಗಿ ಹೇಳಲು ನನಗೆ ಹದಿನೆಂಟು ವರ್ಷ ಹಿಡಿಯಿತು. ಅದಕ್ಕೇ ಈಗ ಎಲ್ಲಿಗೆ ಹೋದರೂ ಮೊದಲು ಅದನ್ನೇ ಹೇಳುತ್ತೇನೆ. ಕೇಳಿದವರಿಗೆ ಮುಜುಗರವಾದರೆ ಅದು ಅವರ ತಲೆನೋವು.

ಏಳನೆಯ ವಯಸ್ಸಿನಲ್ಲಿ ಮಂಗನಬಾವು ಬಂತು. ಕೆನ್ನೆಯ ಬಾವು ವಾರದಲ್ಲಿ ಇಳಿಯಿತು, ಹೋಗುವಾಗ ಬಲಗಿವಿಯನ್ನು ಹೊತ್ತುಕೊಂಡು ಹೋಯಿತು. ಇನ್ನು ಅದು ವಾಪಸ್ ಬರುವುದಿಲ್ಲ ಎಂದರು ಡಾಕ್ಟರು. ನಾವು ಧಾರವಾಡದ ಕಡೆಯಿಂದ ರಾಜಧಾನಿಗೆ ಬಂದವರು. ಅಪ್ಪನಿಗೆ ವಿಮೆ ಆಫೀಸಿನಲ್ಲಿ ಗುಮಾಸ್ತಿಕೆ, ಜೀವನ್ ಬಿಮಾ ನಗರದ ಕ್ವಾರ್ಟರ್ಸಿನಲ್ಲಿ ಮನೆ. ಒಂದು ಮನೆಯ ಒಗ್ಗರಣೆ ನಾಲ್ಕು ಮನೆಗೆ ಗೊತ್ತಾಗುವಂಥ ಜಾಗ. ಆಸ್ಪತ್ರೆಯಿಂದ ಬರುವ ಬಸ್ಸಿನಲ್ಲೇ ಅವ್ವ ತೀರ್ಮಾನ ಮಾಡಿದಳು.

“ಕಿವಿ ವಿಷಯ ಮನಿ ಹೊಸ್ತಿಲಾ ದಾಟಬಾರದು. ನಾಳೆ ಲಗ್ನ ಮಾಡೂದೈತಿ. ಕೆಪ್ಪಿ ಅಂದ್ರ ಯಾರು ಬರತಾರ?”

ನನಗಿನ್ನೂ ಹಾಲುಹಲ್ಲು ಪೂರ್ತಿ ಬಿದ್ದಿರಲಿಲ್ಲ, ಅವ್ವನಿಗೆ ಲಗ್ನದ ಚಿಂತೆ.

ಅವತ್ತಿನಿಂದ ಅವಳು ನನ್ನ ಬಲಗಡೆಗೆ ಕಾವಲು ಕೂತಳು. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ನೆಂಟರ ಮನೆಯ ಸೋಫಾದಲ್ಲಿ, ಎಲ್ಲ ಕಡೆ ನನ್ನ ಬಲಬದಿಯ ಜಾಗ ಅವ್ವನದು. ಬೇರೆ ಯಾರೂ ಅಲ್ಲಿ ಕೂರುವಂತಿಲ್ಲ. ಆ ಕಡೆಯಿಂದ ಯಾರಾದರೂ ನನ್ನನ್ನು ಮಾತಾಡಿಸಿದರೆ ಅವಳ ಮೊಣಕಾಲು ನನ್ನ ಮೊಣಕಾಲಿಗೆ ಬಡಿಯುತ್ತಿತ್ತು. ಒಂದು ಸಲ ಬಡಿದರೆ ಹೂಂ ಅನ್ನಬೇಕು, ಎರಡು ಸಲ ಬಡಿದರೆ ಉಹೂಂ. ಹೀಗೆ ನಾನು ಯಾವುದಕ್ಕೆ ಒಪ್ಪಿದೆ, ಯಾವುದನ್ನು ಬೇಡವೆಂದೆ ಎನ್ನುವುದು ಎಷ್ಟೋ ಸಲ ನನಗೇ ಗೊತ್ತಿರುತ್ತಿರಲಿಲ್ಲ. ಶಾಲೆಯಲ್ಲಿ ಟೀಚರ್ ಬಲಗಡೆಯಿಂದ ಕರೆದಾಗ ಸುಮ್ಮನೆ ಕೂತು ಜಂಬದವಳು ಎನಿಸಿಕೊಂಡೆ. ಕೆಪ್ಪಿ ಎನಿಸಿಕೊಳ್ಳುವುದಕ್ಕಿಂತ ಅದೇ ಮೇಲು ಎನ್ನುವುದು ಅವ್ವನ ವಾದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ ನಮ್ಮ ಸಂಸಾರ ನಡೆಯುತ್ತಿತ್ತು. ಕಿವಿ ವಾಪಸ್ ಕೊಡು ಎಂದು ನಾನು ದೇವರನ್ನು ಬೇಡಿಕೊಂಡದ್ದು ನೆನಪಿಲ್ಲ. ಅವ್ವ ಅದನ್ನು ಬಚ್ಚಿಡುವುದನ್ನು ಬಿಡಲಿ ಎಂದು ಮಾತ್ರ ಬೇಡಿಕೊಂಡಿದ್ದೇನೆ, ಬಹಳ ಸಲ.

ತೊಂಬತ್ತರ ದಶಕದ ಶುರುವಿನಲ್ಲಿ, ನಾನು ಪಿಯುಸಿಯಲ್ಲಿದ್ದಾಗ, ಗಲ್ಫಿನಿಂದ ಬಂದ ಸೋದರಮಾವ ಒಂದು ವಾಕ್‌ಮನ್ ತಂದುಕೊಟ್ಟರು. ಕಪ್ಪು ಸ್ಪಂಜಿನ ಹೆಡ್‌ಫೋನು, ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಕ್ಲಿಪ್ಪು. ಅವ್ವನಿಗೆ ನನಗಿಂತ ಖುಷಿ. ಹೆಡ್‌ಫೋನ್ ಹಾಕಿಕೊಂಡವಳಿಗೆ ಕೂಗಿದ್ದು ಕೇಳಿಸದಿದ್ದರೆ ಯಾರೂ ಅನುಮಾನಪಡುವುದಿಲ್ಲವಲ್ಲ. “ಹಾಕ್ಕೊಂಡ ಇರು, ತೆಗೀಬ್ಯಾಡ,” ಎನ್ನುತ್ತಿದ್ದಳು.

ಹಲಸೂರಿನ ಗೆಳತಿಯೊಬ್ಬಳು ಒಂದು ಕ್ಯಾಸೆಟ್ ಕೊಟ್ಟಳು. ಅದರಲ್ಲಿದ್ದ ಒಂದು ಹಾಡಿಗೆ ನಾನು ಮರುಳಾದೆ. ಗಂಡಸೊಬ್ಬ ಒಂದು ಸಾಲು ಹಾಡುತ್ತಾನೆ, ಏನನ್ನೋ ಕೇಳುತ್ತಾನೆ. ಆಮೇಲೆ ಬರೀ ತಬಲ. ಮತ್ತೆ ಕೇಳುತ್ತಾನೆ, ಮತ್ತೆ ಬರೀ ತಬಲ. ಹಾಡಿನ ಉದ್ದಕ್ಕೂ ಕಾಯುತ್ತಾನೆ, ಯಾರೂ ಉತ್ತರ ಕೊಡುವುದಿಲ್ಲ. ಎರಡು ತಿಂಗಳು ಕೇಳಿ, ಒಂದು ದಿನ ಕಾಲೇಜಿನ ಮೆಟ್ಟಿಲ ಮೇಲೆ ಗೆಳತಿಗೆ ಹೇಳಿದೆ:

“ಪಾಪ, ಅವ್ನು ಕೇಳ್ತಾನೇ ಇರ್ತಾನೆ, ಉತ್ತರಾನೇ ಬರಲ್ಲ. ಎಷ್ಟ್ ಚೆನ್ನಾಗಿದೆ ಅಲ್ವಾ?”

“ಉತ್ತರ ಬರಲ್ವಾ? ಒಂದೊಂದು ಸಾಲಿಗೂ ಅವ್ಳು ಉತ್ತರ ಕೊಡ್ತಾಳಲ್ಲೇ. ನೀನು ಯಾವ್ ಹಾಡು ಕೇಳ್ದೆ?”

ನಕ್ಕು ತೇಲಿಸಿದೆ. ವಾಕ್‌ಮನ್ ಕೆಟ್ಟಿದೆ ಎಂದೇ ನಂಬಿದ್ದೆ, ನಿಜವಾಗಿ. ನನ್ನ ತಲೆಗೆ ಬೇರೇನೂ ಹೊಳೆಯಲೇ ಇಲ್ಲ. ಮರುದಿನ ಅದನ್ನು ಬ್ಯಾಗಿಗೆ ಹಾಕಿಕೊಂಡು ಒಬ್ಬಳೇ ಶಿವಾಜಿನಗರದ ಬಸ್ಸು ಹತ್ತಿದೆ.

ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ, ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಒಂದು ರಿಪೇರಿ ಅಂಗಡಿ. ಅಂಗಡಿಯವರು ನಮ್ಮ ಅಪ್ಪನಿಗಿಂತ ಹಿರಿಯರು, ಬಿಳಿ ಗಡ್ಡ, ಮನೆಮಾತು ದಖ್ಖನಿ ಉರ್ದು.

“ಅರ್ಧ ಹಾಡು ಬರ್ತಾನೇ ಇಲ್ಲ, ನೋಡಿ,” ಎಂದೆ, ಅವರೇ ಕೆಡಿಸಿದ ಹಾಗೆ.

ಅವರು ಹೆಡ್‌ಫೋನ್ ಹಾಕಿಕೊಂಡು ಹಾಡನ್ನು ಪೂರ್ತಿ ಕೇಳಿದರು. “ಸೆಟ್ ಬರಾಬರ್ ಇದೆ ಬೇಟಿ. ಗಂಡು ಎಡಗಡೆ, ಹೆಣ್ಣು ಬಲಗಡೆ, ಇಬ್ರೂ ಹಾಡ್ತಾ ಇದಾರೆ.”

“ನಂಗೆ ಅವ್ನೊಬ್ನೇ ಹಾಡ್ತಾನೆ.”

ಅವರು ನನ್ನ ಮುಖವನ್ನೊಮ್ಮೆ ನೋಡಿ, ಹೆಡ್‌ಫೋನನ್ನು ಎಡಬಲ ತಿರುಗಿಸಿ ಕೈಗೆ ಕೊಟ್ಟರು. “ಈಗ ಹಾಕ್ಕೋ.”

ಗಂಡಸು ಮಾಯವಾದ. ಅವನು ಸುಮ್ಮನಾಗುತ್ತಿದ್ದ ಜಾಗಗಳಲ್ಲೆಲ್ಲ ಒಬ್ಬಳು ಹಾಡುತ್ತಿದ್ದಳು. ಎರಡು ತಿಂಗಳು ಅವಳು ಉತ್ತರ ಕೊಡುತ್ತಲೇ ಇದ್ದಳು, ನನ್ನ ಸತ್ತ ಕಿವಿಯೊಳಗೆ. ಅಳು ಬಂತು. ಅಳುವಿಗಿಂತ ಹೆಚ್ಚು ಸಿಟ್ಟು ಬಂತು.

“ಯಾವ ಕಿವಿ?” ಎಂದರು. ಯಾವ ಬಟನ್ ಒತ್ತಿದರೆ ಕೆಲಸ ಮಾಡುವುದಿಲ್ಲ ಎಂದು ಕೇಳುವ ಧ್ವನಿಯಲ್ಲೇ ಕೇಳಿದರು.

ಅವ್ವನ ಮೊಣಕಾಲು ಅಲ್ಲಿರಲಿಲ್ಲ. “ಬಲಗಿವಿ,” ಎಂದೆ, ಬಹಳ ಸಣ್ಣ ದನಿಯಲ್ಲಿ. ಮನೆಯವರಲ್ಲದವರಿಗೆ ಹೇಳಿದ್ದು ಅದೇ ಮೊದಲು.

“ಎರಡೂ ಕಡೇದು ಒಂದೇ ಕಿವಿಗೆ ಬರ್ಬೇಕು, ಅಷ್ಟೇ ತಾನೆ? ಇದೇನ್ ದೊಡ್ ಮಾತು.”

ಅಯ್ಯೋ ಪಾಪ ಎನ್ನಲಿಲ್ಲ. ಯಾವಾಗಿಂದ, ಹೇಗಾಯಿತು ಎಂದು ಕೆದಕಲಿಲ್ಲ. ಕ್ಯಾಮೆರಾದ ಫಿಲ್ಮ್ ರೋಲ್ ಬರುತ್ತಿದ್ದ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದನ್ನು ತೆಗೆದು ತೂತು ಕೊರೆದರು. ಒಂದು ತುದಿಯಲ್ಲಿ ವಾಕ್‌ಮನ್ನಿಗೆ ಚುಚ್ಚುವ ಪಿನ್ನು, ಇನ್ನೊಂದು ತುದಿಯಲ್ಲಿ ಹೆಡ್‌ಫೋನ್ ಸಿಕ್ಕಿಸುವ ತೂತು. ಎರಡು ಕಡೆಯ ತಂತಿಯನ್ನು ನೇರವಾಗಿ ಜೋಡಿಸಿದರೆ ಸೆಟ್ಟಿಗೆ ಏಟು, ಅದಕ್ಕೆ ನಡುವೆ ಕರೆಂಟ್ ತಡೆಯುವ ಎರಡು ರೆಸಿಸ್ಟರ್ ಹಾಕಬೇಕು ಎಂದು ಬೆಸುಗೆ ಹಾಕುತ್ತ ನನಗೆ ಪಾಠ ಹೇಳಿದರು. ಮುಚ್ಚಳ ಒತ್ತಿ ಕೊಟ್ಟಾಗ ಡಬ್ಬಿ ಇನ್ನೂ ಬಿಸಿಯಾಗಿತ್ತು. ಅಲ್ಲೇ ನಿಂತು ಹಾಡು ಕೇಳಿದೆ. ಅವನು ಕೇಳಿದ, ಅವಳು ಹೇಳಿದಳು. ಇಬ್ಬರೂ ನನ್ನ ಎಡಗಿವಿಯಲ್ಲೇ ಇದ್ದರು.

ಮನೆಯಲ್ಲಿ ಅವ್ವ ಡಬ್ಬಿಯನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಮಂದಿ ಇದೇನಂತ ಕೇಳಿದ್ರ ಏನ್ ಹೇಳ್ತಿ? ಮನ್ಯಾಗ ಬಾಗಲಾ ಹಾಕ್ಕೊಂಡು ಕೇಳು. ಹೊರಗ ಒಯ್ಯಬ್ಯಾಡ.”

ಒಯ್ದೆ. ಡಿಗ್ರಿ ಮುಗಿಯುವ ಹೊತ್ತಿಗೆ ವಾಕ್‌ಮನ್ ಹೋಗಿ ಸಿ.ಡಿ. ಪ್ಲೇಯರ್ ಬಂತು. ಕೊಳ್ಳುವ ಮೊದಲು ಸಿ.ಎಂ.ಎಚ್. ರಸ್ತೆಯ ಅಂಗಡಿಗಳನ್ನೆಲ್ಲ ಹತ್ತಿ ಇಳಿದೆ. ಸೇಲ್ಸ್‌ಮನ್ ಒಬ್ಬ “ಮೇಡಂ, ಇದ್ರದ್ದು ಸ್ಟೀರಿಯೋ ಎಫೆಕ್ಟ್ ಸೂಪರ್” ಎಂದು ಹೊಗಳುತ್ತಿದ್ದರೆ ನಾನು ಬ್ಯಾಗಿನಿಂದ ಕಪ್ಪು ಡಬ್ಬಿ ತೆಗೆದು ಕೌಂಟರಿನ ಮೇಲಿಡುತ್ತಿದ್ದೆ. ಇದು ಹಾಕಿ ತೋರಿಸಿ, ಆಮೇಲೆ ಎಫೆಕ್ಟಿನ ಮಾತು. ಡಬ್ಬಿ ಹಾಕಿದರೆ ದನಿ ಕುಗ್ಗುವ ಸೆಟ್ಟನ್ನು ಎಷ್ಟೇ ಚೆಂದವಿದ್ದರೂ ವಾಪಸ್ ತಳ್ಳಿದೆ. ಆದರೆ ಡಬ್ಬಿ ಯಾಕೆ ಎಂದು ಕೇಳಿದರೆ “ತಮ್ಮಂಗೆ” ಎನ್ನುತ್ತಿದ್ದೆ. ನನಗೆ ತಮ್ಮನೇ ಇಲ್ಲ.

ಡಿಗ್ರಿ ಮುಗಿದು ಮೂರ್ನಾಲ್ಕು ವರ್ಷ ಕಳೆದ ಮೇಲೆ ಕಂಪ್ಯೂಟರ್ ಕ್ಲಾಸಿಗೆ ಸೇರಿ ಟೈಪಿಂಗ್ ಕಲಿತೆ. ಆಗ ಇಂದಿರಾನಗರದಲ್ಲಿ ಟ್ರಾನ್ಸ್‌ಕ್ರಿಪ್ಷನ್ ಆಫೀಸುಗಳು ಅಣಬೆಯಂತೆ ಎದ್ದಿದ್ದವು. ದೂರದ ದೇಶದ ಡಾಕ್ಟರುಗಳು ಮಾತಾಡಿ ಕಳಿಸಿದ್ದನ್ನು ಇಲ್ಲಿ ಹೆಡ್‌ಫೋನ್ ಹಾಕಿಕೊಂಡು ಕೇಳಿ, ಕಂಪ್ಯೂಟರಿನಲ್ಲಿ ಟೈಪ್ ಮಾಡುವ ಕೆಲಸ. ಪೇಪರಿನ ಜಾಹೀರಾತು ನೋಡಿ ಅರ್ಜಿ ಹಾಕಿದೆ, ಪರೀಕ್ಷೆಗೆ ಕರೆದರು.

“ಕಿವೀ ಕೆಲಸಕ್ಕ ಹೊಂಟೀಯಲ್ಲ, ನಿನಗ ಬ್ಯಾರೆ ಕೆಲಸಾನ ಸಿಗಲಿಲ್ಲೇನು?” ಎಂದಳು ಅವ್ವ. ಆಮೇಲೆ ನನ್ನ ಕೈಯನ್ನು ತನ್ನ ತಲೆಯ ಮೇಲಿಟ್ಟುಕೊಂಡಳು. “ಹೋಗೂದಾದ್ರ ಹೋಗು. ಡಬ್ಬಿ ತೆಗೀಬ್ಯಾಡ, ಫಾರ್ಮಿನ್ಯಾಗೂ ಬರೀಬ್ಯಾಡ. ನನ್ನ ಮ್ಯಾಲಿನ ಆಣಿ.”

ಫಾರ್ಮಿನಲ್ಲಿ ಅಂಗವೈಕಲ್ಯ ಏನಾದರೂ ಇದೆಯೇ ಎಂಬ ಕಾಲಂ ಇತ್ತು. ಇಲ್ಲ ಎಂದು ಬರೆದೆ. ಬರೆದು ಹೆಡ್‌ಫೋನ್ ಹಾಕಿಕೊಂಡು ಕೂತೆ. ಸುತ್ತ ಹತ್ತು ಹನ್ನೆರಡು ಹುಡುಗ ಹುಡುಗಿಯರು ಆಗಲೇ ಪಟಪಟನೆ ಟೈಪ್ ಮಾಡುತ್ತಿದ್ದರು. ನನ್ನ ಕಿವಿಯಲ್ಲಿ ಡಾಕ್ಟರ್ ಪ್ರಶ್ನೆ ಕೇಳಿದರು. ಆಮೇಲೆ ಮೌನ. ಮತ್ತೊಂದು ಪ್ರಶ್ನೆ, ಮತ್ತೆ ಮೌನ. ಪರೀಕ್ಷೆಗೆಂದು ಆಫೀಸಿನವರೇ ಮಾಡಿದ್ದ ರೆಕಾರ್ಡಿಂಗು; ಡಾಕ್ಟರ್ ಒಂದು ಮೈಕಿನಲ್ಲಿ, ರೋಗಿ ಇನ್ನೊಂದರಲ್ಲಿ. ಎಲ್ಲಿ ನೋವು ಎಂದು ಡಾಕ್ಟರ್ ಕೇಳುತ್ತಿದ್ದರು. ಬಲಗಡೆ ಒಬ್ಬರು ತಮ್ಮ ನೋವನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ನನಗೆ ಒಂದಕ್ಷರ ಕೇಳುತ್ತಿರಲಿಲ್ಲ.

ಸಾಕಾಗಿಹೋಯಿತು. ಆಣೆ ಗೀಣೆ ಎಲ್ಲ ಪಕ್ಕಕ್ಕಿಟ್ಟೆ. ಬ್ಯಾಗಿನಲ್ಲಿ ಟಿಫಿನ್ ಬಾಕ್ಸಿನ ಕೆಳಗಿದ್ದ ಡಬ್ಬಿ ತೆಗೆದು, ಕಂಪ್ಯೂಟರಿನ ಹಿಂದಿನ ಹೆಡ್‌ಫೋನ್ ಪಿನ್ ಕಿತ್ತೆ.

“ಏನ್ರೀ ಅದು? ಹೊರಗಿನ ಐಟಂ ಸಿಸ್ಟಮ್‌ಗೆ ಹಾಕೋ ಹಾಗಿಲ್ಲ,” ಎಂದು ಸೂಪರ್‌ವೈಸರ್ ಓಡಿಬಂದರು. ಟೈಪಿಂಗ್ ಸದ್ದು ನಿಂತಿತು, ಎಲ್ಲರೂ ನನ್ನ ಕಡೆ ತಿರುಗಿದರು.

“ಸರ್, ನಂಗೆ ಬಲಗಿವಿ ಕೇಳ್ಸಲ್ಲ,” ಎಂದೆ. ದನಿ ಆ ಕೋಣೆಯ ಕೊನೆಯವರೆಗೆ ಹೋಯಿತು. “ಡಾಕ್ಟ್ರು ಎಡಗಡೆ ಇದಾರೆ, ಪೇಷೆಂಟ್ ಬಲಗಡೆ ಇದಾರೆ. ಇದು ಹಾಕಿದ್ರೆ ಇಬ್ರೂ ಈ ಕಿವಿಗೇ ಬರ್ತಾರೆ.”

“ಕಿವಿ ಕೇಳಿಸ್ದೇ ಇರೋರು ಈ ಕೆಲ್ಸಕ್ಕೆ ಯಾಕ್ರೀ ಬಂದ್ರಿ?”

“ಒಂದು ಕಿವಿ ಚೆನ್ನಾಗೇ ಕೇಳ್ಸುತ್ತೆ ಸರ್. ಎಷ್ಟು ಕಿವಿ ಬೇಕು ಅಂತ ಜಾಹೀರಾತಲ್ಲಿ ಹಾಕಿರ್ಲಿಲ್ಲ.”

ಹಿಂದೆ ಯಾರೋ ಕಿಸಕ್ಕೆಂದರು. ಸೂಪರ್‌ವೈಸರ್ ನನ್ನ ಫಾರ್ಮ್ ತೆಗೆದು ನೋಡಿದರು. “ಮೊದ್ಲೇ ಹೇಳ್ಬೇಕಿತ್ತಲ್ವಾ? ಇಲ್ಲ ಅಂತ ಬರ್ದಿದೀರಿ.”

ಅದೊಂದು ಮಾತು ಸರಿಯಾಗಿತ್ತು. ಫಾರ್ಮನ್ನು ಅವರ ಕೈಯಿಂದ ಇಸಿದುಕೊಂಡು, ಬರೆದದ್ದನ್ನು ಹೊಡೆದುಹಾಕಿ, ಬಲಗಿವಿ ಕೇಳಿಸುವುದಿಲ್ಲ ಎಂದು ದಪ್ಪಕ್ಷರದಲ್ಲಿ ಬರೆದುಕೊಟ್ಟೆ. “ಈಗ ಪರೀಕ್ಷೆ ಬರೀಲಾ, ಮನೆಗೆ ಹೋಗ್ಲಾ, ನೀವೇ ಹೇಳಿ.”

ಅವರು ಡಬ್ಬಿಯ ಮುಚ್ಚಳ ಬಿಚ್ಚಿ, ಒಳಗಿನ ಎರಡು ರೆಸಿಸ್ಟರ್ ನೋಡಿ, ವಾಪಸ್ ಕೊಟ್ಟರು. “ಬರೀರಿ. ಟೈಮ್ ಜಾಸ್ತಿ ಕೊಡಲ್ಲ.”

ಬೇಕಾಗಿರಲಿಲ್ಲ. ಹದಿನೈದು ದಿನಕ್ಕೆ ಕೆಲಸಕ್ಕೆ ಬರಲು ಹೇಳಿದರು. ಬಲಗಡೆ ಗೋಡೆ ಇರುವ ಸೀಟೇ ಬೇಕೆಂದು ಮೊದಲ ದಿನವೇ ಕೇಳಿ ಪಡೆದೆ. ‘ಒಂದೇ ಕಿವಿ ಇದ್ದರೂ’ ಎಂದು ಯಾರಾದರೂ ಹೊಗಳಲು ಬಂದರೆ ಆ ‘ಇದ್ದರೂ’ ತೆಗೆದು ಹೇಳಿ ಎಂದು ಜಗಳವಾಡುತ್ತಿದ್ದೆ.

ಆಣೆ ಮುರಿದದ್ದನ್ನು ನಾನೇ ಹೇಳಿದೆ. ಅವ್ವ ಎಂಟು ದಿನ ಮಾತು ಬಿಟ್ಟಳು. ಒಂಬತ್ತನೆಯ ದಿನ “ಮಾನಾ ಕಳದಿ” ಎಂದು ಶುರುಮಾಡಿದಳು.

ವರ್ಷ ಕಳೆದ ಮೇಲೆ ಮನೆಗೆ ಕಂಪ್ಯೂಟರ್ ತಂದೆ. ಶಿವಾಜಿನಗರದ ಮೊದಲ ಮಹಡಿಯ ಅಂಗಡಿಯೊಂದರಲ್ಲಿ ಬಿಡಿಭಾಗ ಆರಿಸಿ ಜೋಡಿಸಿಕೊಡುತ್ತಿದ್ದರು. ಕೊಳ್ಳುವವಳು ನಾನು, ಅಂಗಡಿಯವನು ವಿವರಿಸಿದ್ದೆಲ್ಲ ಜೊತೆಗೆ ಬಂದಿದ್ದ ಅಪ್ಪನಿಗೆ. “ಮಗಳನ್ನ ಕೇಳ್ರಿ, ನನಗೇನೂ ತಿಳಿಯಂಗಿಲ್ಲ,” ಎಂದು ಅಪ್ಪ ಮೂರು ಸಲ ಹೇಳಬೇಕಾಯಿತು. ಮಾನಿಟರ್ ಎಷ್ಟು ದೊಡ್ಡದೆಂದು ನಾನು ತಲೆಕೆಡಿಸಿಕೊಳ್ಳಲಿಲ್ಲ. ಡಬ್ಬಿ ಚುಚ್ಚಲು ಸ್ಪೀಕರಿನ ಮುಂದೆಯೇ ಹೆಡ್‌ಫೋನ್ ತೂತು ಇರಬೇಕು ಎಂದೆ. ಯಾಕೆ ಎಂದು ಕೇಳಿದ. ಈ ಸಲ ತಮ್ಮನನ್ನು ಹುಟ್ಟಿಸಲಿಲ್ಲ.

ಆ ಕಂಪ್ಯೂಟರಿನ ಪರದೆಯ ಮೇಲೆ, ಮೌಸಿನಿಂದ ದನಿಯನ್ನು ಎಡಕ್ಕೋ ಬಲಕ್ಕೋ ಪೂರ್ತಿ ಎಳೆಯಬಹುದಾದ ಒಂದು ಗೆರೆ ಇತ್ತು. ಒಂದು ಭಾನುವಾರ ಅವ್ವ ನೋಡಲು ಬಂದು ನಿಂತಾಗ ಅದೇ ಹಳೆಯ ಹಾಡು ಹಾಕಿದೆ. ಆಮೇಲಿನ ವರ್ಷಗಳಲ್ಲಿ ರೇಡಿಯೋದಲ್ಲಿ ಕೇಳಿ ಕೇಳಿ ಅವಳಿಗೆ ಬಾಯಿಪಾಠವಾದ ಹಾಡು. ಡಬ್ಬಿ ತೆಗೆದಿಟ್ಟು, ಗೆರೆಯನ್ನು ಎಡಕ್ಕೆ ಎಳೆದು, ಹೆಡ್‌ಫೋನನ್ನು ಅವಳ ತಲೆಗೆ ಏರಿಸಿದೆ. ಅವಳು ತಲೆದೂಗಲು ಶುರುಮಾಡಿ ನಿಲ್ಲಿಸಿದಳು.

“ಆಕಿ ಎಲ್ಲಿ ಹೋದ್ಲು?”

“ನನಗೂ ಆಕಿ ಇರಲಿಲ್ಲ ಅವ್ವಾ. ನಿನ್ನ ಹೊಸ್ತಿಲಾ ದಾಟಿ ಶಿವಾಜಿನಗರಕ್ಕ ಹೋದಾಗ ಸಿಕ್ಲು.”

ಹೆಡ್‌ಫೋನ್ ತೆಗೆಯುತ್ತಾಳೆ ಎಂದುಕೊಂಡೆ. ತೆಗೆಯಲಿಲ್ಲ. ಆ ಗಂಡಸು ಕೇಳಿ ಕೇಳಿ ಸುಮ್ಮನಾಗುವುದನ್ನು ಹಾಡು ಮುಗಿಯುವವರೆಗೂ ಕೇಳಿದಳು. “ಹಿಂಗ ಕೇಳತಿತ್ತೇನು ನಿನಗ?” ಎಂದಳು. ಹೂಂ ಎಂದೆ. ರೊಟ್ಟಿ ಬಡಿಯಲು ಒಳಗೆ ಹೋದವಳು ಬಹಳ ಹೊತ್ತು ರೊಟ್ಟಿ ಬಡಿಯಲಿಲ್ಲ.

ಮುಂದಿನ ತಿಂಗಳು ನನ್ನನ್ನು ನೋಡಲು ಹುಬ್ಬಳ್ಳಿ ಕಡೆಯವರು ಬಂದರು. ಅವ್ವ ಶಿರಾ ತರಲು ಒಳಗೆ ಹೋದಾಗ ಹುಡುಗನ ಸೋದರತ್ತೆ ಬಂದು ನನ್ನ ಬಲಗಡೆ, ಅವ್ವನ ಜಾಗದಲ್ಲಿ, ಕೂತುಬಿಟ್ಟರು. ತುಟಿ ಅಲ್ಲಾಡುವುದು ಕಂಡಿತು. ನಾನು ಹೇಳಿಬಿಡಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿಂದ ಅವ್ವನ ದನಿ ಬಂತು.

“ಆ ಕಡೆ ಕುಂತು ಮಾತಾಡಬ್ಯಾಡ್ರಿ, ಆಕಿಗೆ ಬಲಗಿವಿ ಕೇಳಂಗಿಲ್ಲ. ಈ ಕಡೆ ಬರ್ರಿ.”

ಎಲ್ಲರೂ ಅವ್ವನನ್ನು ನೋಡಿದರು. ಅವಳು ತಟ್ಟೆ ಕೆಳಗಿಟ್ಟಳು. “ಏಳು ವರ್ಷದಾಕಿ ಇದ್ದಾಗಿಂದ ಹಂಗ ಐತಿ. ಆಕಿ ಮುಚ್ಚಿಟ್ಟಿಲ್ಲ, ನಾನ ಮುಚ್ಚಿಟ್ಟಿದ್ದೆ.”

ಅವರು ಶಿರಾ ತಿಂದು, ಕಾಗದ ಬರೀತೀವಿ ಎಂದು ಹೋದರು. ಬರೆಯಲಿಲ್ಲ. ಹೋಗಲಿ ಬಿಡಿ. ಅವರನ್ನು ಗೇಟಿನವರೆಗೆ ಕಳಿಸಿ ಬಂದ ಅವ್ವ, ಉಳಿದ ಶಿರಾದ ಬಟ್ಟಲು ಹಿಡಿದು ಸೋಫಾದ ಹತ್ತಿರ ಒಂದು ಗಳಿಗೆ ನಿಂತಳು. ಆಮೇಲೆ ಸುತ್ತಿ ಬಂದು ನನ್ನ ಎಡಗಡೆ ಕೂತು, ನನ್ನ ಜೊತೆ ಮಾತಾಡತೊಡಗಿದಳು. ಬಲಗಡೆ ಅವಳ ಜಾಗ ಖಾಲಿ ಇತ್ತು.