ಅಡುಗೆಮನೆಯೊಳಗೆ ಹೋದ ರೈಲು

ನಮ್ಮ ಬೀದಿಯ ದರ್ಜಿಯ ಮನೆಗೆ ಹೋದವರು ಹೊಸ್ತಿಲಲ್ಲೇ ನಡು ಬಗ್ಗಿಸಬೇಕು. ವಿನಯಕ್ಕಲ್ಲ, ಬಗ್ಗದಿದ್ದರೆ ರೈಲು ಸೇತುವೆ ಎದೆಗೆ ಬಡಿಯುತ್ತದೆ. ಸೇತುವೆಯಡಿ ನುಸುಳಿ ಎದ್ದು ನಿಂತರೆ ನೀವು ಒಂದು ದೇಶದ ನಡುವೆ ಇರುತ್ತೀರಿ. ನಾಲ್ಕು ಗೋಡೆಗೂ ಎದೆಮಟ್ಟದ ಹಲಗೆ, ಹಲಗೆಯ ಮೇಲೆ ಬೆಟ್ಟ, ಬಯಲು, ಹೊಳೆ, ನಿಲ್ದಾಣ, ಕೈಮರ, ದನ ಮೇಯಿಸುವ ಮುದುಕ. ಎಲ್ಲವೂ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ಆ ಲೆಕ್ಕದಲ್ಲಿ ಆರಡಿಯ ಆಳು ಹೆಬ್ಬೆರಳಿನ ಒಂದು ಗೆಣ್ಣಿಗೂ ಸಾಲುವುದಿಲ್ಲ.

ಈ ದರ್ಜಿ ಕಾಲರು ಹೊಲಿದರೆ ಅದು ಒಡೆಯನಿಗಿಂತ ಹೆಚ್ಚು ಕಾಲ ಬಾಳುತ್ತದೆಂಬ ಮಾತಿದೆ. ಅವನಿಗೆ ರೈಲಿನ ಹುಚ್ಚು ಹತ್ತಿದ್ದು ಗುಜರಿ ಅಂಗಡಿಯಲ್ಲಿ. ಯಾರೋ ಎಸೆದಿದ್ದ ಪುಟ್ಟ ಎಂಜಿನ್ ಒಂದನ್ನು ಜೇಬಿಗೆ ಹಾಕಿಕೊಂಡು ಬಂದು, ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ಓಡಿಸಿದ. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಎಂಜಿನ್ ಬಂದಮೇಲೆ ಹಳಿ ಬೇಕಾಯಿತು, ಹಳಿಗೆ ನಿಲ್ದಾಣ ಬೇಕಾಯಿತು, ನಿಲ್ದಾಣ ಬರೀ ಬಯಲಲ್ಲಿ ನಿಂತರೆ ಚೆಂದವೇ ಎಂದು ಬೆಟ್ಟ ಬೇಕಾಯಿತು. ಬೆಟ್ಟಕ್ಕೆ ನನ್ನನ್ನು ಕರೆದ. ನಾನು ಗಾರೆ ಮೇಸ್ತ್ರಿ. ಶಾಲೆಯ ಮೆಟ್ಟಿಲು ಕಟ್ಟಿದ್ದು ಬಹಳ, ಹತ್ತಿದ್ದು ಕಡಿಮೆ. ಆದರೆ ಗಾರೆ ಯಾವ ಹದಕ್ಕೆ ಏನು ಕೇಳುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಗೋಣಿತಟ್ಟನ್ನು ತೆಳು ಗಾರೆಯಲ್ಲಿ ಅದ್ದಿ ತಂತಿಯ ಮೇಲೆ ಹೊದಿಸಿದೆ. ಒಣಗಿದ ಮೇಲೆ ನೋಡಿದರೆ ನನಗೇ ಹತ್ತಬೇಕು ಅನ್ನಿಸುವಂಥ ಬೆಟ್ಟ.

ನಿಜದ ಹಾಗೆ ಕಾಣಬೇಕೆಂಬ ವಿಷಯದಲ್ಲಿ ದರ್ಜಿ ರಾಜಿಯಾದವನಲ್ಲ. ಮರದ ಪುಡಿಗೆ ಬಣ್ಣ ಕಟ್ಟಿ ಹುಲ್ಲು ಬೆಳೆಸಿದ. ಕಪ್ಪು ದಾರ ಎಳೆದು ತಂತಿಕಂಬ ಜೋಡಿಸಿದ. ಹೊಸ ಬೋಗಿ ಹೊಳೆಯುವುದು ಸುಳ್ಳೆಂದು ಚಹದ ಚರಟ, ದೀಪದ ಮಸಿ ಕಲಸಿ ಇಡೀ ವಾರ ಅದಕ್ಕೆ ಕೊಳೆ ಬಳಿದ. ಅವನ ಹೆಂಡತಿ ಅದನ್ನು ನೋಡಿ, ಪಾಪ, ಒದ್ದೆ ಬಟ್ಟೆಯಲ್ಲಿ ಚೊಕ್ಕವಾಗಿ ಒರೆಸಿಟ್ಟಳು.

"ಅಯ್ಯೋ, ಅದು ನಾನು ಹಚ್ಚಿದ ಕೊಳೆ ಕಣೇ!"

"ಕೊಳೆ ಹಚ್ಚೋಕೆ ಒಂದು ವಾರ ಬೇಕಾ? ನಿಮ್ಮ ಅಂಗಿ ಕಾಲರಿಗೆ ಒಂದೇ ದಿನದಲ್ಲಿ ಹಚ್ಕೊಂಡು ಬರ್ತೀರಲ್ಲ!"

ಆ ತಾಯಿ ಸಹಿಸಿದ್ದು ಕಡಿಮೆಯೇನಲ್ಲ. ಮೊದಲು ಮೇಜು ಹೋಯಿತು. ಆಮೇಲೆ ಬೀರು ಹಿತ್ತಿಲ ಕಡೆಯ ಓಣಿಗೆ ಹೋಯಿತು. ಕೊನೆಗೆ ಮಂಚದ ಕಾಲನ್ನೇ ಗರಗಸದಲ್ಲಿ ಮೋಟು ಮಾಡಿ ಹಲಗೆಯಡಿ ತಳ್ಳಿದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ ಹಿರಿಯರು. ಇವಳ ಪಾಲಿಗೆ ಬೆಟ್ಟ ಇದ್ದಷ್ಟು ತಲೆ ಎತ್ತು ಎಂದಾಯಿತು. ಅವಳ ಕೈಯಲ್ಲಿ ಉಳಿದದ್ದು ಅಡುಗೆಮನೆ ಒಂದೇ. ಅಲ್ಲಿ ಅವಳ ಡಬ್ಬಿಗಳು ಅವಳು ಇಟ್ಟ ಸಾಲಿನಲ್ಲೇ ಇರುತ್ತಿದ್ದವು.

ಇಷ್ಟೆಲ್ಲ ಆದರೂ ರೈಲಿಗೊಂದು ಊನ ಉಳಿದಿತ್ತು. ಕಿಟಕಿ ಪಕ್ಕದ ನಿಲ್ದಾಣದಿಂದ ಹೊರಟು, ಬೆಟ್ಟ ಬಳಸಿ, ಬಾಗಿಲ ಸೇತುವೆ ದಾಟಿ, ಅಡುಗೆಮನೆಯ ಗೋಡೆಯವರೆಗೆ ಚೆನ್ನಾಗಿ ಹೋಗುತ್ತಿತ್ತು. ಅಲ್ಲಿಂದ ತಿರುಗಿ ನಿಲ್ದಾಣ ಸೇರಬೇಕಾದ ಕೊನೆಯ ಸುತ್ತು ಮಾತ್ರ ಇನ್ನೂ ಆಗಿರಲಿಲ್ಲ. ಹಾಗಾಗಿ ರೈಲು ಗೋಡೆಗೆ ಮೂತಿ ಮುಟ್ಟಿಸಿ, ಬಂದ ದಾರಿಯಲ್ಲೇ ಹಿಂದೆ ಹಿಂದೆ ಬರುತ್ತಿತ್ತು.

ಇದನ್ನು ಆಡಿಕೊಳ್ಳುವುದಕ್ಕೆಂದೇ ಹೆಂಡತಿಯ ಅಣ್ಣ ರಜೆಯ ದಿನ ತಪ್ಪದೆ ಬರುತ್ತಿದ್ದ. ಅವನು ಬಸ್ಸಿನ ಡ್ರೈವರ್. ಇಬ್ಬರೂ ಒಬ್ಬರನ್ನೊಬ್ಬರು ಭಾವ ಎಂದೇ ಕರೆಯುತ್ತಿದ್ದರು, ಇಬ್ಬರ ಬಾಯಲ್ಲೂ ಅದು ಬೈಗುಳದಂತೆಯೇ ಕೇಳುತ್ತಿತ್ತು.

"ಭಾವ, ನಾನು ಮೂವತ್ತು ವರ್ಷ ಬಸ್ಸು ಓಡಿಸಿದೀನಿ. ಇಡೀ ದಾರಿ ರಿವರ್ಸಲ್ಲಿ ಬಂದಿದ್ರೆ ಮನೆಗೆ ಕಳಿಸ್ತಿದ್ರು."

"ಇನ್ನೊಂದು ಹಲಗೆ ಬಾಕಿ ಇದೆ ಭಾವ. ಅದೊಂದು ಕೂತ್ರೆ ಮೂತಿ ಮುಂದಾಗಿ ಮನೆಗೆ ಬರುತ್ತೆ. ಆಗ ನೋಡು."

"ಆಗ ನೋಡೋಕೆ ನನ್ನ ಮೊಮ್ಮಗನ್ನ ಕಳಿಸ್ತೀನಿ ಬಿಡು."

ದರ್ಜಿ ನಗುತ್ತಿದ್ದ, ಆದರೆ ಕಿವಿ ಕೆಂಪಾಗುತ್ತಿತ್ತು. ಹನ್ನೊಂದು ವರ್ಷದ ದುಡಿಮೆಯಲ್ಲಿ ಅವನು ಬೇಡಿದ್ದು ಅಷ್ಟೇ: ಹೋದ ರೈಲು ಮುಖ ತೋರಿಸಿಕೊಂಡು ಮನೆಗೆ ಬರಬೇಕು.

ಕೊನೆಗೂ ಆ ಹಲಗೆ ಸಿದ್ಧವಾಯಿತು. ಕೂರಿಸಲು ನೋಡಿದರೆ ಜಾಗವೇ ಇಲ್ಲ! ಒಂದು ಗೇಣು ಕಡಿಮೆ. ಕೋಣೆಯೇ ಕುಗ್ಗಿದೆ ಎಂದು ದರ್ಜಿ ವಾದಿಸಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಗೋಡೆ ಅಳೆದೆ, ಸರಿಯಿತ್ತು. ಅವನು ಬರೆದ ನಕ್ಷೆ ಅಳೆದೆ, ಅದೂ ಸರಿಯಿತ್ತು. ಹಲಗೆ ಅಳೆದಾಗ ಕಳ್ಳ ಸಿಕ್ಕ. ಪ್ರತಿ ಹಲಗೆಯೂ ನಕ್ಷೆಗಿಂತ ಆ ಕಡೆ ಒಂದು ಬೆರಳು, ಈ ಕಡೆ ಒಂದು ಬೆರಳು ಹೆಚ್ಚಿತ್ತು.

"ಇದೇನಯ್ಯಾ ಇದು?"

ದರ್ಜಿ ಹಲಗೆ ನೋಡಿದ, ತನ್ನ ಕೈ ನೋಡಿಕೊಂಡ. "ಹೊಲಿಗೆಗೆ ಅಂತ ಅಂಚು ಬಿಟ್ಟಿದ್ದೆ" ಎಂದ ಮೆಲ್ಲಗೆ.

"ಹಲಗೆಗೆ ಹೊಲಿಗೆಯಾ?"

"ಕೈ ರೂಢಿ ಮೇಸ್ತ್ರಿ. ಮುಂದೆ ಬೇಕಾದ್ರೆ ಬಿಚ್ಚಿ ಸಡಿಲ ಮಾಡ್ಬೋದಲ್ಲ ಅಂತ."

"ಹಲಗೆ ಉಂಡು ಮೈ ಬೆಳೆಸುತ್ತೇನಯ್ಯಾ?"

ಡ್ರೈವರ್ ಭಾವ ಆಗ ನಗಲು ಶುರುಮಾಡಿದವನು ಸೇತುವೆಯಡಿ ನುಸುಳಿ ಬೀದಿಗೆ ಹೋಗಿ ನಕ್ಕು ಮುಗಿಸಿ ಬಂದ.

ಬಟ್ಟೆಯಾಗಿದ್ದರೆ ಅಂಚು ಮಡಚಿ ಒಳಗೆ ಹಾಕಬಹುದು. ಇಲ್ಲಿ ಪ್ರತಿ ಕೂಡಿಕೆಯ ಮೇಲೂ ನನ್ನ ಗಾರೆಯ ಬೆಟ್ಟ ಕೂತಿತ್ತು. ಕೊಯ್ದರೆ ಹನ್ನೊಂದು ವರ್ಷ ಪುಡಿಯಾಗುತ್ತಿತ್ತು. ತಿರುವನ್ನು ಬಿಗಿ ಮಾಡೋಣವೆಂದರೆ ಎಂಜಿನ್ ಹಳಿ ಬಿಟ್ಟು ನೆಲಕ್ಕೆ ಹಾರುತ್ತಿತ್ತು. ಉಳಿದ ದಾರಿ ಒಂದೇ: ಅಡುಗೆಮನೆಯ ಗೋಡೆಗೆ ಎರಡು ಸುರಂಗ. ಒಂದರಲ್ಲಿ ರೈಲು ಒಳಗೆ ಹೋಗಿ, ಡಬ್ಬಿಗಳಿರುವ ಗೂಡಿನ ಮೇಲೆ ತಿರುಗಿ, ಇನ್ನೊಂದರಲ್ಲಿ ಹೊರಗೆ ಬರಬೇಕು. ಗೋಡೆ ಬರೀ ಅಡ್ಡಗೋಡೆ, ಭಾರ ಹೊರುವುದಲ್ಲ, ನನಗದು ಅರ್ಧ ದಿನದ ಕೆಲಸ. ಆದರೆ ಬೆಕ್ಕಿಗೆ ಗಂಟೆ ಕಟ್ಟುವವರು ಯಾರು?

ದರ್ಜಿಯೇ ಕಟ್ಟಲು ಹೋದ. ಇಡೀ ಬೀದಿಗೆ ಉತ್ತರ ಕೇಳಿಸಿತು.

"ಮಂಚ ಕೊಟ್ಟೆ, ಬೀರು ಕೊಟ್ಟೆ. ಈ ಗೋಡೆಗೆ ಉಳಿ ಮುಟ್ಟಿಸಿದ್ರೋ, ನಾಳೆಯಿಂದ ನಿಮ್ಮ ಪ್ಲಾಟ್‌ಫಾರಮ್ಮಲ್ಲೇ ಊಟಕ್ಕೆ ಕೂತ್ಕೊಳ್ಳಿ!"

ಅಂದಿನಿಂದ ಅವನು ಎಂಜಿನ್ ಓಡಿಸುವುದನ್ನೇ ನಿಲ್ಲಿಸಿದ. ಅಂಗಡಿಯಿಂದ ಬಂದು, ಗೋಡೆಯೆದುರು ಸ್ಟೂಲು ಹಾಕಿ, ಹಳಿ ನಿಂತುಹೋದ ಜಾಗವನ್ನು ನೋಡುತ್ತ ಕೂರುತ್ತಿದ್ದ. ಬಯ್ಯುವ ಹೆಂಡತಿಗೆ ತಿರುಗಿ ಬಯ್ಯುವ ಗಂಡ ಬೇಕು. ಸುಮ್ಮನೆ ಕೂತವನನ್ನು ಏನು ಮಾಡುವುದು? ವಾರ ಕಳೆಯುವುದರೊಳಗೆ ಅವಳೇ ನನ್ನನ್ನು ಕರೆದಳು.

"ಮೇಸ್ತ್ರಿಯಣ್ಣ, ಗೋಡೆ ಬೀಳಲ್ಲ ತಾನೆ?"

"ನಾನು ಕೊರೆದ ಗೋಡೆ ಇದುವರೆಗೆ ಯಾವುದೂ ಬಿದ್ದಿಲ್ಲ ತಂಗಿ."

ಅವಳು ಸೆರಗಲ್ಲಿ ಕೈ ಒರೆಸಿಕೊಂಡು ಹಲಗೆಯ ಹತ್ತಿರ ಬಂದಳು. ಅದುವರೆಗೆ ಧೂಳು ಒರೆಸುವುದಕ್ಕಷ್ಟೇ ಅವಳು ಆ ಊರನ್ನು ನೋಡಿದ್ದು. "ಇದು ಯಾರು, ಟೇಪು ಕೊರಳಿಗೆ ಹಾಕ್ಕೊಂಡಿರೋದು?"

"ನಾನು" ಎಂದ ದರ್ಜಿ.

"ಗೋಡೆ ಕಟ್ಟೋ ಸಾರುವೆ ಮೇಲೆ ಕರಣೆ ಹಿಡಿದಿರೋದು ಮೇಸ್ತ್ರಿಯಣ್ಣ. ಈ ಬಸ್ಸಿನ ಪಕ್ಕ ಹೊಟ್ಟೆ ಬಿಟ್ಕೊಂಡು ನಿಂತಿರೋದು ನಮ್ಮಣ್ಣ. ನಾನೆಲ್ಲಿ?"

ದರ್ಜಿ ಕೆಮ್ಮಿದ. "ನೀನು... ಅಗೋ, ಆ ಹಂಚಿನ ಮನೆ ಒಳಗಿದೀಯ. ಹೊರಗೆ ಕಾಣಲ್ಲ."

ಅವಳು ಎರಡು ಬೆರಳಲ್ಲಿ ಆ ಮನೆಯ ಮಾಡನ್ನು ಎತ್ತಿದಳು. ಒಳಗೆ ಒಂದು ಬಲ್ಬು, ಸ್ವಲ್ಪ ಹತ್ತಿ, ಸತ್ತ ಜೇಡ.

ಅಂದು ರಜೆಯೆಂದು ಬಂದಿದ್ದ ಡ್ರೈವರ್ ಭಾವ ತನ್ನ ಗೊಂಬೆಯ ಹೊಟ್ಟೆಯನ್ನೇ ನೋಡತೊಡಗಿದ. ನಾನು ಬೆಟ್ಟದಲ್ಲಿ ಇಲ್ಲದ ಬಿರುಕನ್ನು ಹುಡುಕುತ್ತ ನಿಂತೆ.

ಅವಳು ಮಾಡನ್ನು ಮತ್ತೆ ಮುಚ್ಚಿ, "ಸರಿ. ಗೋಡೆ ಕೊರೀರಿ" ಎಂದಳು. "ಆದ್ರೆ ಗೋಡೆಯಿಂದ ಆಚೆಗೆ ಬಂದ ಹಳಿ ನಂದು. ಅಲ್ಲಿ ಏನು ಕಟ್ಟಬೇಕು, ಯಾರು ನಿಲ್ಲಬೇಕು, ಗಾಡಿ ಯಾವಾಗ ಬಿಡಬೇಕು, ಎಲ್ಲ ನನ್ನಿಷ್ಟ. ಕರೆಂಟಿನ ಗುಂಡಿ ನನ್ನ ಕೈಗೆ ಸಿಗೋ ಹಾಗೆ ಇರಬೇಕು."

ಒಲ್ಲದ ಗಂಡನಿಗೆ ಮೊಸರಲ್ಲಿ ಕಲ್ಲು. ಒಲ್ಲೆನೆನ್ನಲಾಗದ ಗಂಡನಿಗೆ ಕಲ್ಲೂ ಮೊಸರು. ದರ್ಜಿ ಕೇಳಿದ್ದಕ್ಕೆಲ್ಲ ತಲೆಯಾಡಿಸಿದ.

ನಾನು ಸುರಂಗ ಕೊರೆದೆ. ಬಾಯಿಗೆ ಕಲ್ಲಿನ ಕಮಾನು ಕಂಡರಿಸಿದೆ; ನಿಜದ ಸುರಂಗವೂ ಅಷ್ಟು ಅಂದವಿರುವುದಿಲ್ಲ, ಹೇಳುವುದರಲ್ಲಿ ನಾಚಿಕೆಯೇನು. ದರ್ಜಿ ಗೂಡಿನ ಮೇಲೆ ಹಳಿ ಹಾಸಿ, ಗುಂಡಿ ಕೂರಿಸಿ ಕೊಟ್ಟ. ಆಮೇಲೆ ಅವಳು ಅವನನ್ನು ಹೊರಗೆ ಕಳಿಸಿ ಗೂಡಿಗೆ ಪರದೆ ಎಳೆದಳು. ಮೊದಲ ಗಾಡಿ ಬಿಡುವವರೆಗೂ ಒಳಗೇನಿದೆಯೆಂದು ಯಾರೂ ನೋಡುವ ಹಾಗಿಲ್ಲ.

ಆ ದಿನ ಮಧ್ಯಾಹ್ನ ನಾವು ಮೂವರೂ ಕೋಣೆಯಲ್ಲಿದ್ದೆವು. ದರ್ಜಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕರೆಂಟಿನ ಪೆಟ್ಟಿಗೆಯ ಮುಂದೆ ನಿಂತಿದ್ದ. ಗುಂಡಿ ತಿರುಗಿಸಿದ. ರೈಲು ಹೊರಟಿತು, ಬೆಟ್ಟ ಬಳಸಿತು, ಸೇತುವೆ ದಾಟಿತು, ನನ್ನ ಮೊದಲ ಕಮಾನಿನೊಳಗೆ ನುಗ್ಗಿತು. ಕೊನೆಯ ಬೋಗಿಯೂ ಮಾಯವಾಯಿತು. ಮೂವರೂ ಒಟ್ಟಿಗೆ ಎರಡನೆಯ ಕಮಾನಿನ ಕಡೆ ಕತ್ತು ತಿರುಗಿಸಿದೆವು.

ಬರಲಿಲ್ಲ.

"ಏನಾಯ್ತೇ?" ದರ್ಜಿ ಸುರಂಗಕ್ಕೆ ಬಾಯಿಟ್ಟು ಕೂಗಿದ.

"ಸ್ಟೇಷನ್ನಲ್ಲಿ ನಿಂತಿದೆ" ಎಂದಿತು ಸುರಂಗ.

"ಯಾಕೆ ನಿಲ್ಲಿಸ್ದೆ? ಬಿಡು!"

"ಜನ ಹತ್ತಬೇಡ್ವಾ?"

"ಅಲ್ಲೆಲ್ಲಿದ್ದಾರೆ ಜನ?"

"ಬಂದು ನೋಡಿ."

ಡ್ರೈವರ್ ಭಾವ ತೊಡೆ ತಟ್ಟಿಕೊಂಡ. "ಹೋಗು ಭಾವ, ಹೋಗು. ಸ್ಟೇಷನ್ ಮಾಸ್ಟರ್ ಹತ್ರ ಜಗಳ ಆಡಿ ಗೆದ್ದೋರಿಲ್ಲ."

ದರ್ಜಿ ಸೇತುವೆಯಡಿ ನುಸುಳಿ, ಓಣಿ ಬಳಸಿ ಅಡುಗೆಮನೆಗೆ ಓಡಿದ. ನಾನು ಸುರಂಗಕ್ಕೆ ಕಣ್ಣಿಟ್ಟೆ. ಪರದೆ ಸರಿದು ಒಳಗೆ ಬೆಳಕು ಬಂತು. ಡಬ್ಬಿಗಳೆಲ್ಲ ಬಣ್ಣದ ಕಾಗದ ಸುತ್ತಿಕೊಂಡು ಸಾಲುಮನೆಗಳಾಗಿದ್ದವು. ಬೆಂಕಿಪೆಟ್ಟಿಗೆಯೊಂದು ಟಿಕೆಟ್ ಕೋಣೆಯಾಗಿತ್ತು. ನಡುವೆ, ಅವನ ಅಂಗಡಿಯ ಚಿಂದಿಯಿಂದಲೇ ಮಾಡಿದ ಹೆಂಗಸೊಬ್ಬಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು, ಅಂಗಿಯ ಗುಂಡಿಯಷ್ಟು ದೊಡ್ಡ ಕಣ್ಣು, ಒಂದು ಗೇಣು ಎತ್ತರ. ರೈಲು ಅವಳ ಮೊಣಕಾಲಿಗೂ ಬರುತ್ತಿರಲಿಲ್ಲ.

"ಅಳತೆ!" ದರ್ಜಿ ಕಿರುಚಿದ. "ಇವಳು ನಿಜವಾಗಿದ್ರೆ ತೆಂಗಿನಮರಕ್ಕಿಂತ ಎತ್ತರ ಇರ್ತಾಳೆ ಕಣೇ!"

"ಇರಲಿ. ಎಲ್ಲರಿಗೂ ಕಾಣ್ತಾಳೆ."

ಅವನು ಕೊರಳಿನ ಟೇಪನ್ನು ಎಳೆದು ಜೇಬಿಗೆ ತುರುಕಿದ. ಬಗ್ಗಿ, ಆ ಗೊಂಬೆಯ ಭುಜದ ಹೊಲಿಗೆಯನ್ನು ಹತ್ತಿರದಿಂದ ನೋಡಿ, "ತೋಳು ಚೆನ್ನಾಗಿ ಕೂತಿದೆ" ಎಂದ. ದರ್ಜಿಯ ಬಾಯಲ್ಲಿ ಅದಕ್ಕಿಂತ ದೊಡ್ಡ ಮಾತಿಲ್ಲ.

"ಕೂ!" ಎಂದಳು ಅವಳು, ಎಂಜಿನ್ನಿಗೆ ಸಿಳ್ಳೆ ಇರಲಿಲ್ಲವಾದ್ದರಿಂದ. ಗುಂಡಿ ಒತ್ತಿದಳು.

ರೈಲು ಎರಡನೆಯ ಕಮಾನಿನಿಂದ ಹೊರಗೆ ಬಂತು. ಮೂತಿ ಮುಂದಾಗಿ, ದೀಪ ಹಚ್ಚಿಕೊಂಡು, ಗೆದ್ದ ಗೂಳಿಯ ಹಾಗೆ ಬಂತು. ಡ್ರೈವರ್ ಭಾವ ತಾನು ಅಣಕಿಸಲು ಬಂದವನೆಂಬುದನ್ನೇ ಮರೆತು ಎದ್ದು ಕುಣಿದ. "ಬಂತು ಭಾವ! ಬಂತು! ಮುಖ ತೋರಿಸ್ಕೊಂಡು ಬಂತು!"

ಬಂದದ್ದನ್ನು ನಾವಿಬ್ಬರು ನೋಡಿದೆವು. ಹನ್ನೊಂದು ವರ್ಷ ಕಾದವನು ಗೋಡೆಯಾಚೆ ನಿಂತು ಕೊನೆಯ ಬೋಗಿಯ ಬೆನ್ನು ನೋಡುತ್ತಿದ್ದ.

"ಅಯ್ಯಯ್ಯೋ! ಇನ್ನೊಂದು ಸಲ ಬಿಡೇ!"

"ಯಾರು ಕೇಳ್ತಿರೋದು? ಯಾರನ್ನ?"

ದರ್ಜಿಯ ಧ್ವನಿ ಸುರಂಗದಿಂದ ತೆಳ್ಳಗೆ ಬಂತು: "ಸ್ಟೇಷನ್ ಮಾಸ್ಟರ್ ಅಮ್ಮನವರೇ, ದಯವಿಟ್ಟು."

ಅವನು ಏದುಸಿರು ಬಿಡುತ್ತ ಕೋಣೆಗೆ ಬಂದು ಗುಂಡಿ ತಿರುಗಿಸಿದ. ರೈಲು ಸುತ್ತಿ ಒಳಗೆ ಹೋಯಿತು, ಅಡುಗೆಮನೆಯಲ್ಲಿ ನಿಂತಿತು. ಅವನು ಸ್ಟೂಲಿನ ಮೇಲೆ ಕೂತು ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಕಾದ. "ಕೂ" ಕೇಳಿಸಿತು. ಕಮಾನಿನ ಕತ್ತಲೆಯಲ್ಲಿ ದೀಪ ಕಂಡಿತು, ದೀಪದ ಹಿಂದೆ ಎಂಜಿನ್ನಿನ ಮುಖ, ನೇರ ಅವನ ಮುಖದ ಕಡೆಗೆ. ಅವನ ಕಣ್ಣು ತುಂಬಿತ್ತೆಂದು ಡ್ರೈವರ್ ಭಾವ ಆಮೇಲೆ ಬೀದಿಗೆಲ್ಲ ಹೇಳಿದ. ಇರಬಹುದು. ಏಕೆಂದರೆ ಎಂಜಿನ್ನಿನ ಹಿಂದಿನ ತೆರೆದ ಬೋಗಿಯಲ್ಲಿ ಒಂದು ಈರುಳ್ಳಿ ಕೂತಿತ್ತು. ಚಿಕ್ಕ ಈರುಳ್ಳಿಯೇ, ಆದರೆ ಅವನ ಲೆಕ್ಕದಲ್ಲಿ ಮನೆಯಷ್ಟು ದೊಡ್ಡದು.

ರೈಲು ನಿಲ್ದಾಣಕ್ಕೆ ಬಂದು ನಿಂತಿತು. ದರ್ಜಿ ಈರುಳ್ಳಿಯನ್ನು ನೋಡಿದ, ನಮ್ಮನ್ನು ನೋಡಿದ. ಅಳತೆಯ ಮಾತು ಎತ್ತಲಿಲ್ಲ.

"ಸರಕು ಬಂತು!" ಎಂದು ಗೋಡೆಗೆ ಕೂಗಿದ.

"ಸುಲಿದು ಮುಂದಿನ ಗಾಡಿಗೆ ಹಾಕಿ" ಎಂದಿತು ಗೋಡೆ.