ನಮ್ಮ ಓಣಿಯಲ್ಲಿ ಹಿಮ ಬಿದ್ದದ್ದು

ಹೋದ ವಾರ ಬೈಲಹೊಂಗಲದ ಬಸ್ ನಿಲ್ದಾಣದ ಹತ್ತಿರ ಒಬ್ಬಾತ ಗೋಡೆಗೆ ಪೋಸ್ಟರ್ ಹಚ್ಚುತ್ತಿದ್ದ. ಬಕೆಟ್ಟಿನಲ್ಲಿ ಕುದಿಸಿದ ಮೈದಾ ಅಂಟು, ಹುಳ ಹಿಡಿಯದಿರಲೆಂದು ಅದಕ್ಕೊಂದು ಚೂರು ಮೈಲುತುತ್ತ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೆ ಸಿಟ್ಟು ಬಂತು. ಕೈಯಲ್ಲಿ ಮೆಂತ್ಯಪಲ್ಲೆಯ ಚೀಲ ಹಿಡಿದುಕೊಂಡು ರಸ್ತೆಯ ಬದಿಗೆ ನಿಂತು, ಹತ್ತು ವರ್ಷದ ಹಿಂದಿನ ಸಿಟ್ಟನ್ನು ಮೊದಲಿನಿಂದ ಸಾವಕಾಶವಾಗಿ ಮಾಡಿಕೊಂಡೆ. ಆ ಸಿಟ್ಟಿಗೆ ಕಾರಣರಾದವರು ನಮ್ಮ ಎದುರು ಮನೆಯ ಅಕ್ಕೋರು.

ನಮ್ಮ ಕಡೆ ಸಾಲಿ ಕಲಿಸುವ ಹೆಣ್ಣುಮಕ್ಕಳಿಗೆ ಅಕ್ಕೋರು ಅನ್ನುತ್ತಾರೆ. ಇವರು ಸರಕಾರಿ ಕನ್ನಡ ಶಾಲೆಯಲ್ಲಿ ಒಂದನೆಯ ಇಯತ್ತೆಗೆ ಕಲಿಸಿ ನಿವೃತ್ತರಾದವರು. ಸರಕಾರ ಅವರನ್ನು ನಿವೃತ್ತಿಗೊಳಿಸಿತು. ಅವರ ಕತ್ತರಿಯನ್ನು ನಿವೃತ್ತಿಗೊಳಿಸುವುದನ್ನು ಮರೆಯಿತು. ಅದರ ಫಲವನ್ನು ನಮ್ಮ ಓಣಿ ಉಂಡಿತು.

ನಾವು ಸಣ್ಣವರಿದ್ದಾಗ ಹುಟ್ಟುಹಬ್ಬವೆಂದರೆ ತಲೆಗೆ ಎಣ್ಣೆ, ಮುಖಕ್ಕೆ ಆರತಿ, ಹೊಟ್ಟೆಗೆ ಹೋಳಿಗೆ. ಅದೂ ಮನೆಯವರಿಗೆ ತಾರೀಖು ನೆನಪಿದ್ದರೆ. ಈಗ ಮಗು ಹುಟ್ಟಿದ್ದಕ್ಕೆ ಒಂದು ಥೀಮ್ ಬೇಕು. ಅಕ್ಕೋರ ತಂಗಿಯ ಮಗ ಅವರ ಕೈಗೊಂದು ಮೊಬೈಲ್ ಕೊಟ್ಟುಹೋದ. ಅದರೊಳಗೆ ಯಾವುದೋ ದೇಶದವರು ಖಾಲಿ ಡಬ್ಬಿಗಳಿಂದ ಆನೆ ಮಾಡುತ್ತಿದ್ದರು. ಅಂದಿನಿಂದ ನಮ್ಮ ಓಣಿಯ ಯಾವ ಮಗುವೂ ಸುಮ್ಮನೆ ದೊಡ್ಡದಾಗಲಿಲ್ಲ. ಒಂದಕ್ಕೆ ಕಾಡಿನಲ್ಲಿ ಐದು ತುಂಬಿತು, ಇನ್ನೊಂದಕ್ಕೆ ಸಮುದ್ರದ ತಳದಲ್ಲಿ. ಸಮುದ್ರ ನೋಡಿದವರು ಓಣಿಯಲ್ಲಿ ಯಾರೂ ಇರಲಿಲ್ಲ. ಸವದತ್ತಿ ಕಡೆಯ ಮಲಪ್ರಭೆಯ ಹಿನ್ನೀರಿಗೇ ನಮ್ಮ ನೀರಿನ ಕಲ್ಪನೆ ಮುಗಿಯುತ್ತಿತ್ತು. ಹಾಗಾಗಿ ಅಕ್ಕೋರ ತಿಮಿಂಗಿಲಕ್ಕೆ ಎಮ್ಮೆಯ ಮುಖವಿತ್ತು, ಎಮ್ಮೆಯ ಗಾಂಭೀರ್ಯವೂ ಇತ್ತು. ಕಾಡಿನ ಸಿಂಹಕ್ಕೆ ಗೋವಿನಜೋಳದ ತೆನೆಯ ಕೂದಲು ಹಚ್ಚಿದ್ದರು. ಕೇಕು ಕೊಯ್ಯುವ ಮೊದಲೇ ಯಾರದೋ ಆಡು ಬಂದು ಮೃಗರಾಜನನ್ನು ಬೋಳು ಮಾಡಿ ಹೋಯಿತು.

ಈ ಎಲ್ಲ ಸೃಷ್ಟಿಗೆ ಕಚ್ಚಾಮಾಲು ಹೋಗುತ್ತಿದ್ದದ್ದು ನನ್ನ ಮನೆಯಿಂದ. ಅಂಗಿಯ ಡಬ್ಬಿ, ಹಳೆಯ ಕೊಡೆಯ ಕಡ್ಡಿ, ಗಡ್ಡ ಮಾಡಿಕೊಳ್ಳುವ ಕನ್ನಡಿ. ಕನ್ನಡಿ ಬಾತುಕೋಳಿಗಳಿಗೆ ಕೆರೆಯಾಯಿತು. ನಾನು ಒಂದು ವಾರ ಅಂದಾಜಿನ ಮೇಲೆ ಗಡ್ಡ ಮಾಡಿಕೊಂಡೆ.

“ತಮ್ಮಾ, ಈ ಕ್ಯಾಲೆಂಡರ ನಿನಗ ಬೇಕೇನ?” ಎಂದು ಕೇಳುವ ಹೊತ್ತಿಗೆ ಅದು ಗೋಡೆಯಿಂದ ಇಳಿದಿರುತ್ತಿತ್ತು.

“ಇನ್ನ ನಾಕ ತಿಂಗಳ ಅದಾವಲ್ರಿ ಅದರಾಗ.”

“ನನಗ ರಟ್ಟಷ್ಟ ಸಾಕು. ನಿನ್ನ ತಿಂಗಳ ಹರದ ಕೊಡತೇನಿ, ತಗೋ.”

ಅಡತಿ ಅಂಗಡಿಯಲ್ಲಿ ಹತ್ತಿಯ ಲೆಕ್ಕ ಬರೆದೂ ಬರೆದೂ ಕೂದಲು ಹಣ್ಣಾದ ಮನುಷ್ಯ ನಾನು. ಅವರ ಬಾಯಲ್ಲಿ ಕೊನೆಯವರೆಗೂ ತಮ್ಮನೇ.

ನನ್ನ ಮೊಮ್ಮಗಳಿಗೆ ಆರು ತುಂಬುವ ವರ್ಷ ಬಂತು. ಆಕೆ ಟೀವಿಯಲ್ಲಿ ಏನು ನೋಡಿದಳೋ, ತನಗೆ ಹಿಮದ ಅರಮನೆಯೇ ಬೇಕೆಂದು ಅಪ್ಪಣೆ ಹೊರಡಿಸಿದಳು. “ಬೆಳಗಾವಿಯಿಂದ ಬಲೂನಿನವರನ್ನ ಕರಸೂಣ್ರಿ ಮಾವಾರ, ಎರಡ ತಾಸಿನ್ಯಾಗ ಕಟ್ಟಿ ಹೋಗತಾರ” ಎಂದಳು ಸೊಸೆ. ಇಷ್ಟು ಶಾಣ್ಯಾತನದ ಮಾತು ನಮ್ಮ ಮನೆಯಲ್ಲಿ ಬಹಳ ದಿನಗಳಿಂದ ಯಾರೂ ಆಡಿರಲಿಲ್ಲ. ನಾನು ಪೂರ್ಣ ಸಮ್ಮತಿ ಕೊಟ್ಟೆ. ಮರುದಿನ ಅಕ್ಕೋರು ನನ್ನನ್ನು ತಮ್ಮ ಮನೆಗೆ ಕರೆದರು. ಒಳಗೆ ಹೋದೊಡನೆ ಬಾಗಿಲ ಚಿಲಕ ಹಾಕಿದರು.

ಕತ್ತರಿ ತೆಗೆದುಕೊಂಡರು, ಒಂದು ಹಾಳೆ ತೆಗೆದುಕೊಂಡರು. ಬಲಗೈ ನಡುಗಿತು. ನಡುಗಿತೆಂದರೆ ಸ್ವಲ್ಪವಲ್ಲ, ಕತ್ತರಿಯ ಬಾಯಿ ಹಾಳೆಯ ಮೇಲೆ ಟಕಟಕ ಬಡಿಯತೊಡಗಿತು. ಎಡಗೈಯಿಂದ ಬಲಗೈಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದರು.

“ಡಾಕ್ಟರಿಗೆ ತೋರಿಸೀರೇನ್ರಿ?”

“ತೋರಿಸೇನಿ. ಗುಳಿಗಿ ಕೊಟ್ಟಾನ. ಗುಳಿಗಿ ತಗೊಂಡ್ರ ನನಗ ನಿದ್ದಿ ಬರತೈತಿ, ಕೈ ಎದ್ದ ಕುಂತಿರತೈತಿ.” ಆಮೇಲೆ ಕತ್ತರಿಯನ್ನು ನನ್ನ ಕಡೆ ತಳ್ಳಿದರು. “ಇದು ಓಣ್ಯಾಗ ಹೋಗಬಾರದು. ಅಕ್ಕೋರ ಕೈ ಹೋತು ಅಂದ್ರ ನಾಳಿಂದ ಒಂದ ಹುಡುಗ ನನ್ನ ಕಟ್ಟಿ ಹತ್ತೂದಿಲ್ಲ. ದೊಡ್ಡವರು ಪಾಪ ಅಂತ ಬಟ್ಟಲದಾಗ ಪಲ್ಲೆ ಹಾಕ್ಕೊಂಡ ಬರತಾರ. ನನಗ ಪಲ್ಲೆ ಬ್ಯಾಡ. ನೀ ಕತ್ತರಸು, ನಾ ಹೇಳತೇನಿ. ಹೆಸರ ನಂದ ಇರಲಿ.”

ಬೇಡವೆನ್ನಲು ಬಾಯಿ ತೆರೆದೆ. ಬಾಯಿಂದ ಬಂದದ್ದು “ಓಣ್ಯಾಗ ಹೇಳೂದಿಲ್ಲ, ಬಿಡ್ರಿ” ಎಂಬ ಮಾತು. ಅಂದು ಸಂಜೆಯೇ ಅವರು ನಮ್ಮ ಮನೆಗೆ ಬಂದು ಬಲೂನಿನವರನ್ನು ರದ್ದು ಮಾಡಿಸಿದರು. ನನ್ನ ಮಗ ಅವರ ಕೈಯಲ್ಲೇ ಅಕ್ಷರ ಕಲಿತವನು, ಅವರೆದುರು ಇನ್ನೂ ಕೈಕಟ್ಟಿಯೇ ನಿಲ್ಲುತ್ತಿದ್ದ. ಸೊಸೆಯ ಮಾತು ಅಲ್ಲಿಗೇ ನಿಂತಿತು.

ಹೀಗೆ ನನ್ನ ಜೀತ ಸುರುವಾಯಿತು. ಮನೆಯಲ್ಲಿ ಪೇಪರ್ ಓದಲು ಹೋಗುತ್ತೇನೆಂದು ಹೇಳಿ ಎದುರು ಮನೆಗೆ ಹೋಗುವುದು, ಚಿಲಕ ಹಾಕಿಕೊಂಡು ಹಿಮ ಕತ್ತರಿಸುವುದು. ಬಿಳಿ ಹಾಳೆಯನ್ನು ಮಡಿಸಿ, ಮತ್ತೆ ಮಡಿಸಿ, ಅಂಚಿನಲ್ಲಿ ಕಚ್ಚು ಹಾಕಿ ಬಿಚ್ಚಿದರೆ ಹಿಮದ ಹರಳು ಬರಬೇಕು. ನನಗೆ ಬರುತ್ತಿದ್ದದ್ದು ಎರಡು ಹೋಳಾದ ಹಾಳೆ. ಎದುರಿಗೆ ಕುರ್ಚಿಯಲ್ಲಿ ಶಾಲು ಹೊದ್ದು ಕುಳಿತ ಅಕ್ಕೋರು ಪ್ರತಿಯೊಂದನ್ನೂ ಬೆಳಕಿಗೆ ಹಿಡಿಯಲು ಹೇಳಿ ಪರೀಕ್ಷಿಸುತ್ತಿದ್ದರು.

“ಇದೇನ ಹಿಮಾನೋ, ಇಲಿ ಕಡದ ಹಪ್ಪಳಾನೋ? ನೀ ಲೆಕ್ಕ ಬರದಿದ್ದ ಅಂಗಡಿ ಇನ್ನೂ ಉಳದೈತೇನ ತಮ್ಮಾ?”

“ಕೈ ನಡಗಿದ್ರೂ ಬಾಯಿ ಗಟ್ಟಿ ಐತಿ ಬಿಡ್ರಿ ಅಕ್ಕೋರ.”

ಅವರು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಾನು ನಗಲಿಲ್ಲ. ಬೆರಳಿಗೆ ಮೈಲುತುತ್ತದ ಮೈದಾ ಅಂಟು ಹತ್ತಿತ್ತು, ಅದಕ್ಕೆ ಹಾಳೆ ಹತ್ತಿತ್ತು, ಹಾಳೆಗೆ ಕಣ್ಣಿನ ಚಾಳೀಸು ಹತ್ತಿತ್ತು.

ಹಿಮದ ಮನುಷ್ಯನೊಬ್ಬ ಬೇಕೇ ಬೇಕಂತೆ. ರಟ್ಟಿನ ಮೈ, ಗಜ್ಜರಿಯ ಮೂಗು. ಮೊಬೈಲಿನಲ್ಲಿ ಅವನಿಗೊಂದು ಹ್ಯಾಟು ಇತ್ತು. “ಹ್ಯಾಟ ಹಾಕಿದ್ರ ಇಲ್ಲೆ ಯಾರ ಗುರ್ತ ಹಿಡೀತಾರ? ರುಮಾಲ ಸುತ್ತು” ಎಂದರು. ನನ್ನ ಮದುವೆಯ ರುಮಾಲು ಅಲ್ಲಿಗೆ ಹೋಯಿತು. ಎಲ್ಲ ಮುಗಿದ ಮೇಲೆ ಅವನು ಸಂಪಗಾಂವದಿಂದ ಕನ್ಯೆ ನೋಡಲು ಬಂದ ಹಿರಿಯರಂತೆ ಕಂಡ. ಚಹಾ ಕೊಡುವುದೊಂದು ಬಾಕಿ.

ಇನ್ನು ನೆಲದ ಮೇಲಿನ ಹಿಮ. ಔಷಧ ಅಂಗಡಿಯ ಹತ್ತಿಯನ್ನು ತಂದುಕೊಟ್ಟರೆ ಅಕ್ಕೋರು ಮೂಗು ಮುರಿದರು. “ಇದು ಸತ್ತಂಗ ಮಲಗತೈತಿ. ಉಬ್ಬಿ ನಿಂದರಬೇಕು. ಹೊಲದಿಂದ ಬಂದದ್ದ ತಾ.” ಎಳ್ಳಮಾವಾಸ್ಯೆಯ ಆಸುಪಾಸು, ಹತ್ತಿ ಬಿಡಿಸುವ ಕಾಲ. ನಾನು ಹಳೆಯ ಪರಿಚಯದ ಮೇಲೆ ಅಡತಿ ಅಂಗಡಿಯಿಂದ ಬೀಜ ಬಿಡಿಸದ ಹತ್ತಿಯನ್ನು ಒಂದು ಚೀಲ ಹೊತ್ತು ತಂದೆ. ಹುಟ್ಟಿದಾಗಿನಿಂದ ಹತ್ತಿಯ ನಡುವೆಯೇ ಬದುಕಿದವರು ನಾವಿಬ್ಬರೂ. ಆದರೆ ಹಿಮ, ಹಿಮ ಎಂದು ಕರೆದೂ ಕರೆದೂ, ಅದು ಹತ್ತಿ ಎಂಬುದನ್ನೇ ಮರೆತಿದ್ದೆವು.

ಹುಟ್ಟುಹಬ್ಬದ ಸಂಜೆ ಪಡಸಾಲೆಯ ತುಂಬ ಓಣಿಯ ಹೆಣ್ಣುಮಕ್ಕಳು, ಹುಡುಗರು. ಗೋಡೆಯ ಮೇಲೆ ನನ್ನ ಹರಳುಗಳು ಅಕ್ಕೋರ ಹೆಸರಿನಲ್ಲಿ ತೂಗುತ್ತಿದ್ದವು. ಪಕ್ಕದ ಮನೆಯ ವೈನಿ ಒಂದನ್ನು ಬೆರಳಿನಿಂದ ಎತ್ತಿ ನೋಡಿದರು. ಅವರ ಕಣ್ಣು ಯಾವಾಗಲೂ ಚುರುಕು.

“ಅಕ್ಕೋರ, ಈ ಸಲ ಕತ್ತರಿ ಮೊಂಡ ಇತ್ತೇನ್ರಿ? ನಿಮ್ಮ ಕೈಯಾಗ ಇಂಥಾವು ಎಂದೂ ಬಂದಿದ್ದಿಲ್ಲ.”

“ಹಿಮ ಹಂಗ ತಂಗಿ. ಒಂದರಂಗ ಒಂದ ಇರೂದಿಲ್ಲ. ಮೊಬೈಲಿನ್ಯಾಗ ನೋಡ ಬೇಕಾರ.”

ಉತ್ತರವೇನೋ ಬಂತು. ಆದರೆ ವೈನಿಯ ಕಣ್ಣು ಹರಳಿನಿಂದ ಇಳಿದು ಅಕ್ಕೋರ ಶಾಲಿನ ಮೇಲೆ ನಿಂತದ್ದನ್ನು ನಾನು ನೋಡಿದೆ. ಮೊದಲ ಆರತಿಯನ್ನು ಅಕ್ಕೋರೇ ಹಿಡಿಯುವುದು ಓಣಿಯ ರೂಢಿ. ವೈನಿ ದೀಪ ಹಚ್ಚಿದ ತಟ್ಟೆಯನ್ನು ತಂದು ಅವರೆದುರು ಹಿಡಿದರು. ತಟ್ಟೆಯಲ್ಲಿ ಎಣ್ಣೆ ತುಂಬಿದ ಎರಡು ಹಣತೆ. ಅಕ್ಕೋರ ಕೈ ಶಾಲಿನಿಂದ ಹೊರಗೆ ಬರಲಿಲ್ಲ. ಅವರು ನನ್ನ ಮುಖ ನೋಡಿದರು. ಅಷ್ಟು ವರ್ಷಗಳಲ್ಲಿ ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಅದೊಂದೇ ಸಲ ಇರಬೇಕು. ಉಳಿದದ್ದನ್ನೆಲ್ಲ ತೆಗೆದುಕೊಂಡು ಹೋಗಿದ್ದರು. ನಾನು ಎದ್ದು ನಿಂತೆ. ಎದ್ದು ಏನು ಮಾಡುವವನಿದ್ದೆನೋ ದೇವರೇ ಬಲ್ಲ.

“ಅಜ್ಜಾ, ಹಿಮಾ ನಡ್ಯಾಕ ಹತ್ತೈತಿ” ಎಂದಳು ಮೊಮ್ಮಗಳು.

ಎಲ್ಲರೂ ತಿರುಗಿದರು. ಬಲ್ಬುಗಳ ಕಾವಿಗೆ ಹತ್ತಿಯೊಳಗಿನ ಕೆಂಪು ತಿಗಣೆಗಳು ಎಚ್ಚೆತ್ತಿದ್ದವು. ಬೆನ್ನ ಮೇಲೆ ಕರಿ ಗುರುತಿನ, ಹತ್ತಿಯ ಹೊಲದವರಿಗೆಲ್ಲ ಗೊತ್ತಿರುವ ಅವೇ. ಹಿಮದ ಅರಮನೆಯಿಂದ ಸಾಲುಗಟ್ಟಿ ಹೊರಟು, ಸಂಪಗಾಂವದ ಹಿರಿಯರ ಕೊರಳನ್ನು ಬಳಸಿ, ಶಿಸ್ತಿನಿಂದ ಕೇಕಿನ ಕಡೆ ಸಾಗಿದ್ದವು. ಹೆಣ್ಣುಮಕ್ಕಳು ಸೀರೆ ಎತ್ತಿಕೊಂಡು ಕುರ್ಚಿ ಹತ್ತಿದರು. ವೈನಿ ಆರತಿ ತಟ್ಟೆಯನ್ನು ಕಿಟಕಿಯ ಮೇಲಿಟ್ಟು ಹೊರಗೆ ಓಡಿದರು. ಸೊಸೆ ಕಸಬರಿಗೆ ತಂದಳು. ಆ ಗದ್ದಲದಲ್ಲಿ ಆರತಿಯನ್ನು ಆಮೇಲೆ ಯಾರು ಹಿಡಿದರೋ, ಯಾರಿಗೂ ನೆನಪಿಲ್ಲ.

ಅಕ್ಕೋರು ಮಾತ್ರ ಕುರ್ಚಿಯಿಂದ ಅಲುಗದೆ ತೀರ್ಪು ಕೊಟ್ಟರು. “ಹತ್ತಿ ತಂದಾವ ಇವ. ಇವನ್ನ ಕೇಳ್ರಿ.”

ಇಡೀ ಓಣಿ ನನ್ನ ಕಡೆ ನೋಡಿತು. ಸೊಸೆಯ ನೋಟವನ್ನು ವರ್ಣಿಸುವುದು ಬೇಡ. ಹೊಲದಿಂದ ಬಂದದ್ದೇ ತಾ ಎಂದವರು ಯಾರೆಂದು ಹೇಳಲು ಹೊರಟಿದ್ದೆ. ಆಗ ಅಕ್ಕೋರ ಶಾಲಿನ ಕೆಳಗೆ ಆ ಎರಡು ಕೈಗಳು ಒಂದನ್ನೊಂದು ಹಿಡಿದು ಒದ್ದಾಡುವುದು ಕಂಡಿತು.

“ತಪ್ಪಾತು” ಎಂದೆ.

ಹುಡುಗರಿಗೆ ಮಾತ್ರ ಅಂಥ ಹುಟ್ಟುಹಬ್ಬ ಮತ್ತೆ ಸಿಗಲಿಲ್ಲ. ಬಹಳ ದಿನ ಅವರೆಲ್ಲ ಅಕ್ಕೋರ ಕಟ್ಟೆಗೆ ಹೋಗಿ ತಮಗೂ ನಡೆಯುವ ಹಿಮ ಬೇಕೆಂದು ಗಂಟುಬಿದ್ದರು. ಅಕ್ಕೋರು ಒಬ್ಬೊಬ್ಬರಿಗೂ ಒಪ್ಪಿಗೆ ಕೊಟ್ಟರು. ಕತ್ತರಿಸಬೇಕಾದವನನ್ನು ಕೇಳುವ ರೂಢಿ ಅವರಿಗಿರಲಿಲ್ಲ.

ಆಮೇಲೆ ಇನ್ನೂ ಕೆಲವು ವರ್ಷ ಹೀಗೇ ನಡೆಯಿತು. ಅವರ ಕೈ ಕೆಡುತ್ತ ಹೋಯಿತು, ನನ್ನದು ಸುಧಾರಿಸಲಿಲ್ಲ. ನಾನು ಕತ್ತರಿಸಿದ ರಟ್ಟಿನ ರೈಲಿನ ಗಾಲಿಗಳು ಗುಂಡಗೆ ಬರಲಿಲ್ಲವೆಂದರೆ, “ಸ್ಟೇಶನ್ನಿನ್ಯಾಗ ನಿಂತ ರೈಲದು, ಗಾಲಿ ಹೊರಳೂದ ಯಾಕ ಬೇಕು” ಎಂದು ಓಣಿಗೆ ತಿಳಿಹೇಳಿದರು. ಒಂದು ಬೇಸಿಗೆಯಲ್ಲಿ ಔಷಧೋಪಚಾರಕ್ಕೆಂದು ರಾಮದುರ್ಗದ ತಂಗಿಯ ಮನೆಗೆ ಹೋದರು. ಹೋಗುವಾಗ, ಬಂದ ಮೇಲೆ ನವಿಲು ಮಾಡೋಣ, ರಟ್ಟು ಕೂಡಿಸಿ ಇಡು ಎಂದಿದ್ದರು. ಕೂಡಿಸಿ ಇಟ್ಟೆ...

ಅಕ್ಕೋರ ಮಣ್ಣಿಗೆ ಓಣಿಯವರೆಲ್ಲ ಟೆಂಪೋ ಮಾಡಿಕೊಂಡು ರಾಮದುರ್ಗಕ್ಕೆ ಹೋದೆವು. ತಿರುಗಿ ಬರುವಾಗ ವೈನಿ ಕಣ್ಣೊರೆಸಿಕೊಂಡು, “ಅಕ್ಕೋರ ಕೈ ಮಾತ್ರ ಕೊನೀತನಕಾ ಗಟ್ಟಿ ಇತ್ತ ನೋಡ್ರಿ ಅಣ್ಣಾರ” ಎಂದರು.

“ಹೌದ್ರಿ ವೈನಿ” ಎಂದೆ.

ಈಗಲೂ ಆ ಮಾತು ಬಂದರೆ ಹೌದೆನ್ನುತ್ತೇನೆ. ನಾನು ಮಾತು ಕೊಟ್ಟದ್ದು ಓಣಿಯಲ್ಲಿ ಹೇಳುವುದಿಲ್ಲವೆಂದು, ಬರೆಯುವುದಿಲ್ಲವೆಂದಲ್ಲ. ನಮ್ಮ ಓಣಿಯವರು ಓದುವುದೂ ಅಷ್ಟಕ್ಕಷ್ಟೇ. ಹುಟ್ಟುಹಬ್ಬಗಳಿಗೆ ಈಗ ಬೆಳಗಾವಿಯವರೇ ಬರುತ್ತಾರೆ, ಎರಡು ತಾಸಿನಲ್ಲಿ ಕಟ್ಟುತ್ತಾರೆ, ಅರ್ಧ ತಾಸಿನಲ್ಲಿ ಬಿಚ್ಚುತ್ತಾರೆ. ನನಗೊಂದು ಕುರ್ಚಿ ಹಾಕಿ ಕೇಕಿನ ತಟ್ಟೆ ಕೊಡುತ್ತಾರೆ. ಯಾರೂ ಬೈಯುವುದಿಲ್ಲ.

ಮೊನ್ನೆ ಹಿಂದಿನ ಓಣಿಗೆ ಹೊಸದಾಗಿ ಬಂದ ಒಬ್ಬ ಹೆಣ್ಣುಮಗಳು ನಮ್ಮ ಬಾಗಿಲಿಗೆ ಬಂದಳು. ಮಗಳ ಹುಟ್ಟುಹಬ್ಬಕ್ಕೆ ಏನಾದರೂ ಕೈಯಿಂದಲೇ ಮಾಡಬೇಕೆಂದು ಅವಳ ಆಸೆ.

“ಇಲ್ಲೆ ಯಾರೋ ಭಾಳ ಚಂದ ಮಾಡತಿದ್ರಂತಲ್ರಿ ಅಜ್ಜಾರ?”

“ಮಾಡತಿದ್ರವ್ವಾ. ಈಗಿಲ್ಲ.”

“ನೀವು ದಿನಾ ಅವರ ಮನಿಗೆ ಹೋಗತಿದ್ರಂತ. ನಿಮಗೇನರ ಬರತೈತೇನ್ರಿ?”

“ನಾ ಪೇಪರ್ ಓದಾಕ ಹೋಗತಿದ್ದೆ” ಎಂದೆ. “ನನಗ ಕತ್ತರಿ ಹಿಡಿಯಾಕ ಬರೂದಿಲ್ಲ.”