ಯಾರ ಮನೆ ಕೂಸು?

ನಮ್ಮ ಕಡೆಯ ಇಬ್ಬರು ಅಪರಿಚಿತರನ್ನು ಬಸ್ಸಿನ ಒಂದೇ ಸೀಟಿನಲ್ಲಿ ಕೂರಿಸಿ ನೋಡಿ. ಶಿರಸಿಯಲ್ಲಿ ಹತ್ತಿದವರು ಹುಲೇಕಲ್ ಮುಟ್ಟುವಷ್ಟರಲ್ಲಿ ನೆಂಟರಾಗಿರುತ್ತಾರೆ. "ಎಲ್ಲಾತು ನಿಂಗಕ್ಕೆ?" ಎಂದು ಒಬ್ಬರು ಊರು ಕೇಳಿದರೆ ಮುಗಿಯಿತು. ಊರಿನಿಂದ ಮನೆ, ಮನೆಯಿಂದ ಅಜ್ಜ, ಅಜ್ಜನಿಂದ ಅಜ್ಜನ ತಂಗಿಯನ್ನು ಕೊಟ್ಟ ಊರು. ಎಲ್ಲೋ ಒಂದು ಕಡೆ ಎರಡೂ ದಾರಿ ಕೂಡಲೇಬೇಕು. ಕೂಡದಿದ್ದರೆ ಇಬ್ಬರಿಗೂ ಸಮಾಧಾನವಿಲ್ಲ, ಇಳಿಯುವ ಸ್ಟಾಪು ಬಂದರೂ ಏಳುವುದಿಲ್ಲ.

ಈ ಕಾಯಿಲೆ ನನಗೆ ಅಪ್ಪಯ್ಯನಿಂದ ಬಂದದ್ದು. ವಾನಳ್ಳಿ ಕಡೆಯ ನಮ್ಮ ಮನೆಯಿಂದ ಹಿಡಿದು ಸಿದ್ದಾಪುರದ ತ್ಯಾಗಲಿ, ಆಚೆ ಯಲ್ಲಾಪುರದವರೆಗೆ ಯಾವ ಮನೆಯ ಹೆಣ್ಣು ಯಾವ ಮನೆಗೆ ಹೋಗಿದೆ ಎಂಬುದೆಲ್ಲ ಅವನ ಬಾಯಲ್ಲೇ ಇದೆ. ಮದುವೆ ಮನೆಗಳಲ್ಲಿ ಯಾರಿಗಾದರೂ ನೆಂಟಸ್ತಿಕೆ ಮರೆತುಹೋದರೆ ಇವನನ್ನು ಹುಡುಕಿಕೊಂಡು ಬರುತ್ತಾರೆ. ಇಷ್ಟೆಲ್ಲ ಹೇಳುವವನ ಬಾಯಲ್ಲಿ ಒಬ್ಬಳ ಸುದ್ದಿ ಮಾತ್ರ ಬರುತ್ತಿರಲಿಲ್ಲ. ಅವನ ಸ್ವಂತ ತಂಗಿಯದು.

ನನ್ನ ಆ ಅತ್ತೆಯನ್ನು ಕೊಟ್ಟದ್ದು ಯಲ್ಲಾಪುರದ ಹತ್ತಿರ. ನಾನು ಪ್ರೈಮರಿ ಶಾಲೆಯಲ್ಲಿದ್ದಾಗ ನಮ್ಮಲ್ಲಿ ಅಣ್ಣನ ಮುಂಜಿ ಆಯಿತು. ಹತ್ತಿರದವರನ್ನು ಕಾರ್ಯಕ್ಕೆ ಕರೆಯುವುದೆಂದರೆ ನಮ್ಮಲ್ಲಿ ಅವರ ಮನೆಗೇ ಹೋಗಿ ಕರೆಯಬೇಕು. ಜಗಲಿಯಲ್ಲಿ ಕೂತು, ಅಕ್ಷತೆ ಕೊಟ್ಟು, ಎಲ್ಲರೂ ಬನ್ನಿ ಎಂದು ಬಾಯಿತುಂಬ ಹೇಳಬೇಕು. ಅಪ್ಪಯ್ಯ ಊರೂರು ತಿರುಗಿ ಹಾಗೆಯೇ ಕರೆದು ಬಂದ. ಯಲ್ಲಾಪುರ ಒಂದಕ್ಕೆ ಮಾತ್ರ ಫೋನು ಮಾಡಿದ. ಸ್ವಂತ ತಂಗಿ, ಅವಳಿಗೆಂಥ ಉಪಚಾರ ಎಂದು ಇವನ ಲೆಕ್ಕ. ಊರವರಿಗೆಲ್ಲ ಅಕ್ಷತೆ, ತಂಗಿಗೆ ಫೋನು ಎಂದು ಅವಳ ಲೆಕ್ಕ. ಅವಳು ಮುಂಜಿಗೆ ಬರಲಿಲ್ಲ, ಇವನು ಆಮೇಲೆ ಯಾವುದಕ್ಕೂ ಕರೆಯಲಿಲ್ಲ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರಲ್ಲವೇ, ಹಟದಲ್ಲಿ ಯಾರೂ ಕಡಿಮೆಯಿಲ್ಲ. ಹೋಗಿ ಬಂದು ಮಾಡುವುದು ನಿಂತೇ ಹೋಯಿತು. ಮನೆಯಲ್ಲಿ ಆ ಮಾತು ಬಂದರೆ ಅಪ್ಪಯ್ಯ, "ಎಂಗೆ ತಂಗಿ ಇಲ್ಲೆ" ಎಂದು ಹೇಳಿ ಎಲೆಯಡಿಕೆ ಕವಳದ ಸಂಚಿ ಬಿಚ್ಚುತ್ತಿದ್ದ.

ಇಷ್ಟು ನೆನಪಿರಲಿ. ಈಗ ಉದ್ಯೋಗ ಮೇಳಕ್ಕೆ ಬನ್ನಿ.

ನಾನಾಗ ಶಿರಸಿಯಲ್ಲಿ ಬಿ.ಕಾಂ. ಕೊನೆಯ ವರ್ಷ, ನಮ್ಮ ಕಡೆ ಅಷ್ಟು ದೊಡ್ಡ ಹುಡುಗಿಗೂ ಕೂಸು ಎಂದೇ ಹೆಸರು. ನಮ್ಮ ಕಾಲೇಜಿನಲ್ಲೇ ಮೇಳ. ವಾರದ ಮುಂಚೆ ನಮ್ಮ ಸರ್ ಒಬ್ಬರು ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು. ರೆಸ್ಯೂಮೆಯ ಜೆರಾಕ್ಸ್ ಸಾಕಷ್ಟು ಇಟ್ಟುಕೊಳ್ಳಿ. ಬರುವ ಕಂಪನಿಗಳ ಬಗ್ಗೆ ಮೊದಲೇ ಓದಿಕೊಳ್ಳಿ. ಕೈಕಟ್ಟಿ ನಿಲ್ಲಬೇಡಿ, ಪ್ರಶ್ನೆ ಇದೆಯಾ ಎಂದು ಕೇಳಿದರೆ ಇಲ್ಲ ಎನ್ನಬೇಡಿ. ಎಲ್ಲಕ್ಕಿಂತ ಮುಖ್ಯವಾಗಿ ಸಂಪರ್ಕ ಬೆಳೆಸಿಕೊಳ್ಳಿ. ಉಳಿದವರೆಲ್ಲ ತಲೆ ಬಗ್ಗಿಸಿ ಬರೆದುಕೊಂಡರು. ನಾನು ಪೆನ್ನು ಮುಟ್ಟಲಿಲ್ಲ. ಸಂಪರ್ಕ ಬೆಳೆಸುವುದನ್ನು ನಮ್ಮ ಮನೆಯವರಿಗೆ ಹೇಳಿಕೊಡಬೇಕೇ!

ನನಗೆ ಬೇಕಾಗಿದ್ದದ್ದು ಒಂದೇ ಒಂದು ಕೆಲಸ. ಬಂದ ಕಂಪನಿಗಳಲ್ಲಿ ಶಿರಸಿಯಲ್ಲೇ ಆಫೀಸು ಇದ್ದದ್ದು ಒಂದೇ. ಕಾಳುಮೆಣಸು, ಕೋಕಂ ಶರಬತ್ತು, ಹಲಸಿನ ಹಪ್ಪಳ ಇವನ್ನೆಲ್ಲ ಚೆಂದದ ಪೊಟ್ಟಣ ಮಾಡಿ ಆನ್‌ಲೈನಿನಲ್ಲಿ ಮಾರುವವರು. ಲೆಕ್ಕ ನೋಡಿಕೊಂಡು ಗಿರಾಕಿಗಳ ಫೋನಿಗೆ ಉತ್ತರ ಹೇಳಲು ಒಬ್ಬರು ಬೇಕಿತ್ತು. ಮಾತಾಡಿ ಸಂಬಳ ತಗೊಳ್ಳುವುದು, ಸಂಜೆ ಬಸ್ಸಿಗೆ ಮನೆಗೆ ಬರುವುದು. ಇದಕ್ಕಿಂತ ಇನ್ನೇನು ಬೇಕು? ಅದು ಸಿಗದಿದ್ದರೆ ಹುಬ್ಬಳ್ಳಿಯ ಸೋದರಮಾವನ ಮನೆಯಲ್ಲಿದ್ದು ಬ್ಯಾಂಕ್ ಪರೀಕ್ಷೆಗೆ ಕೋಚಿಂಗ್ ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಆ ಮಾವ ಊಟಕ್ಕೆ ಕೂತಾಗ ಹತ್ತೊಂಬತ್ತರ ಮಗ್ಗಿ ಕೇಳುವ ಪ್ರಾಣಿ. ಅನ್ನಕ್ಕೆ ಸಾರು ಬೀಳಬೇಕಾದರೆ ಉತ್ತರ ಬರಬೇಕು. ದೇವರೇ, ಈ ಕೆಲಸ ಒಂದು ಕೊಡಿಸು ಎಂದು ನಾನು ಹರಕೆ ಹೊತ್ತುಕೊಳ್ಳುವುದೊಂದು ಬಾಕಿ.

ಮೇಳದ ದಿನ ಅಪ್ಪಯ್ಯನೇ ಬೈಕಿನಲ್ಲಿ ಕರೆದುಕೊಂಡು ಬಂದ. ಅವನಿಗೆ ಪೇಟೆಯಲ್ಲಿ ಏನೋ ಕೆಲಸವಿತ್ತಂತೆ. ಸುಳ್ಳು. ಕಾಲೇಜಿನ ಗೇಟು ದಾಟಿದ್ದೇ ನನಗಿಂತ ಮೊದಲು ಸಭಾಂಗಣಕ್ಕೆ ನುಗ್ಗಿ ಒಂದೊಂದೇ ಮೇಜು ನೋಡುತ್ತ ಹೊರಟ. ಒಂದು ಕಡೆ ಪೆನ್ನು ಕೊಟ್ಟರು, ತಗೊಂಡ. ಇನ್ನೊಂದು ಕಡೆ ಕ್ಯಾಲೆಂಡರು. ಬ್ಯಾಂಕಿನವರು ತಮ್ಮ ಜಾಹೀರಾತಿನ ಬಟ್ಟೆಯ ಚೀಲ ಕೊಟ್ಟ ಮೇಲೆ ಎಲ್ಲ ಅದರೊಳಗೆ ತುಂಬಿದ. "ಅಪ್ಪಯ್ಯ, ಇದು ಜಾತ್ರೆಪೇಟೆ ಅಲ್ಲ, ಮರ್ಯಾದೆಯಿಂದ ಹೊರಗೆ ಕೂರು" ಎಂದು ಗದರಿ ಅಂಗಳದ ಮಾವಿನಮರದ ಕೆಳಗೆ ಅಟ್ಟಿದೆ. ಹೋಗುವಾಗಲೂ ಇನ್ನೊಂದು ಪೆನ್ನು ಸಿಕ್ಕಿಸಿಕೊಂಡು ಹೋದ.

ನನ್ನ ಸರದಿ ಬಂತು. ಆ ಕಂಪನಿಯ ಮೇಜಿನ ಹಿಂದೆ ಇಬ್ಬರಿದ್ದರು. ಒಬ್ಬ ಶಿರಸಿ ಆಫೀಸಿನ ಮ್ಯಾನೇಜರ್, ಕನ್ನಡಕದ ಹುಡುಗ. ಪಕ್ಕದಲ್ಲಿ ಹಾವೇರಿ ಕಡೆಯ ಮೇಡಂ, ಕಂಪನಿಯಲ್ಲಿ ಅವರೇ ದೊಡ್ಡವರು. "ಬರ್ರಿ, ಕುಂದರ್ರಿ" ಎಂದು ಹೇಳಿ ಅವರು ಯಾರದೋ ಫೋನಿಗೆ ತಿರುಗಿಕೊಂಡರು. ಹುಡುಗ ಕೇಳತೊಡಗಿದ. ಟ್ಯಾಲಿ ಕೇಳಿದ, ಹೇಳಿದೆ. ಜಿಎಸ್‌ಟಿ ಕೇಳಿದ, ಅದನ್ನೂ ಹೇಳಿದೆ.

"ಶರಬತ್ತಿನ ಬಾಟಲಿ ಸೋರಿದೆ ಅಂತ ಗಿರಾಕಿ ಸಿಟ್ಟಲ್ಲಿ ಫೋನ್ ಮಾಡಿದ್ರೆ ಏನು ಮಾಡ್ತೀರಿ?" ಎಂದ.

"ಮೊದಲು ಬಟ್ಟೆಗೆ ಕಲೆ ಆಯ್ತಾ ಅಂತ ಕೇಳ್ತೇನೆ ಸರ್. ಕೋಕಂ ಕಲೆ ಹೋಗೋದು ಕಷ್ಟ. ಕಲೆ ತೆಗೆಯೋದು ಹೇಗೆ ಅಂತ ಹೇಳಿಕೊಡ್ತೇನೆ. ಅಷ್ಟೊತ್ತಿಗೆ ಅವರ ಸಿಟ್ಟು ಇಳಿದಿರ್ತದೆ. ಆಮೇಲೆ ಬೇರೆ ಬಾಟಲಿ ಕಳಿಸೋ ಮಾತು."

ಮೇಡಂ ಫೋನಿನಲ್ಲಿದ್ದರೂ ಇದನ್ನು ಕೇಳಿಸಿಕೊಂಡು ನಕ್ಕರು. ಕೆಲಸ ನನ್ನ ಉಡಿಯಲ್ಲಿ ಬಿದ್ದಂತೆಯೇ ಎಂದುಕೊಂಡೆ. ಆಗ ಹುಡುಗ ಕೇಳಿದ, "ನಿಮಗೇನಾದರೂ ಪ್ರಶ್ನೆ ಇದೆಯಾ?"

ಇಲ್ಲ ಎನ್ನಬೇಡಿ ಎಂದು ಸರ್ ಹೇಳಿದ್ದರಲ್ಲ. ಕಂಪನಿಯ ಬಗ್ಗೆ ಕೇಳಲು ಎರಡು ಪ್ರಶ್ನೆ ಬಾಯಿಪಾಠ ಮಾಡಿಕೊಂಡೂ ಹೋಗಿದ್ದೆ. ಆದರೆ ಅಷ್ಟು ಹೊತ್ತಿನಿಂದ ಆ ಹುಡುಗನ ಮಾತಿನಲ್ಲಿ ನಮ್ಮ ಕಡೆಯ ಧಾಟಿ ಕೇಳಿ ಕೇಳಿ ನನಗೆ ನಾಲಿಗೆ ತುರಿಸುತ್ತಿತ್ತು. ಬಾಯಿಪಾಠ ಎಲ್ಲಿ ಹೋಯಿತೋ.

"ಸರ್, ಎಲ್ಲಾತು ನಿಂಗಕ್ಕೆ?"

ಹುಡುಗನ ಮುಖ ಅರಳಿತು. ಪಾಪ, ಅವನಿಗೂ ಬೆಳಗಿನಿಂದ ಹೀಗೆ ಕೇಳುವವರು ಯಾರೂ ಸಿಕ್ಕಿರಲಿಲ್ಲ ಅಂತ ಕಾಣುತ್ತದೆ. "ಯಲ್ಲಾಪುರ ಹತ್ರ. ನಿಂಗಕ್ಕೆ ವಾನಳ್ಳಿ ಅಲ್ದ? ಎನ್ನ ಚಿಕ್ಕಮ್ಮನೂ ಆ ಬದಿದೇಯ" ಎಂದ. ಯಾವ ಮನೆ ಎಂದೆ. ಅವನು ಹೇಳಿದ. ಹೇಳಿದ್ದು ನಮ್ಮ ಮನೆ!

"ಹಂಗಾರೆ ನಿಂಗಳ ಚಿಕ್ಕಮ್ಮ ಎನ್ನ ಸ್ವಂತ ಅತ್ತೆ!" ಎಂದು ನಾನು ಕೂಗಿದ್ದು ಅರ್ಧ ಸಭಾಂಗಣಕ್ಕೆ ಕೇಳಿತು. ಮೇಡಂ ಫೋನು ಇಟ್ಟರು. ಹುಡುಗನ ಮುಖದ ಬಣ್ಣ ಇಳಿಯಿತು. ನನಗೆ ಯಾಕೆಂದು ಗೊತ್ತಾಗಲಿಲ್ಲ.

"ನಮ್ಮ ಕಂಪನಿದೊಂದು ರೂಲ್ ಐತಿ ನೋಡ್ರಿ" ಎಂದರು ಮೇಡಂ. "ಇಲ್ಲಿ ಕೆಲಸಾ ಮಾಡೋರ ಸಂಬಂಧಿಕರನ್ನ ತಗೊಳ್ಳಂಗಿಲ್ಲ. ಮೊದ್ಲ ತಗೊಂಡು ಕೆಟ್ಟೇವಿ. ಒಬ್ಬರ ಮನ್ಯಾಗ ಮದುವಿ ಅಂದ್ರ ಇಡೀ ಆಫೀಸ್ ರಜಾ. ಬಾಗಿಲಾ ತೆಗಿಯಾಕ ಒಬ್ಬರೂ ಇಲ್ಲ. ನಾನ ಹಾವೇರಿಯಿಂದ ಬಂದು ಪೊಟ್ಟಣಾ ಕಟ್ಟೇನ್ರಿ!"

ಥೂ ನನ್ನ ನಾಲಿಗೆಯೇ! ಎದುರಿಗೆ ಹುಬ್ಬಳ್ಳಿಯ ಮಾವ ಸಾರಿನ ಸೌಟು ಹಿಡಿದು ನಿಂತ ಹಾಗಾಯಿತು. ನೆಂಟಸ್ತಿಕೆ ಹುಡುಕುವುದರಲ್ಲಿ ಪಳಗಿದವಳು ಈಗ ಅದನ್ನು ಹರಿದುಕೊಳ್ಳಲು ಪರದಾಡಿದೆ.

"ಮೇಡಂ, ಅದು ಹೆಸರಿಗೆ ಮಾತ್ರ. ಅವರ ಮನೆಗೂ ನಮಗೂ ಹೋಗೋದು ಬರೋದು ಇಲ್ಲ. ಮದುವೆಗೂ ಕರೆಯೋದಿಲ್ಲ, ಮುಂಜಿಗೂ ಕರೆಯೋದಿಲ್ಲ. ಅಪ್ಪಯ್ಯ ಅಂತೂ ನನಗೆ ತಂಗಿಯೇ ಇಲ್ಲ ಅಂತಾನೆ."

ಮೇಡಂ ನನ್ನ ರೆಸ್ಯೂಮೆಯನ್ನು ಮತ್ತೆ ಹತ್ತಿರ ಎಳೆದುಕೊಂಡರು. "ಮದುವಿ ಮುಂಜಿಗೆ ಹೋಗಂಗಿಲ್ಲ ಅಂದ್ರ ನನಗೇನೂ ಅಡ್ಡಿ ಇಲ್ಲ. ಹುಡುಗಿ ಚಲೋ ಮಾತಾಡ್ತಾಳ. ಆದ್ರ ಇದನ್ನ ಹಿರಿಯಾರ ಬಾಯಿಲೆ ಕೇಳಬೇಕು. ಅಪ್ಪಾರು ಬಂದಾರೇನು?"

ಬಂದಿದ್ದಾನೆ! ಮರದ ಕೆಳಗೇ ಇದ್ದಾನೆ! ಓಡಿದೆ. ಅಪ್ಪಯ್ಯ ಸಿದ್ದಾಪುರದ ಯಾರಿಗೋ ಅವರ ಅಜ್ಜನ ಮನೆಯ ಸುದ್ದಿ ಹೇಳುತ್ತ ಕೂತಿದ್ದ. ಎಳೆದುಕೊಂಡು ಬರುತ್ತ ದಾರಿಯಲ್ಲೇ ಎಲ್ಲ ಹೇಳಿದೆ. "ತಂಗಿ ಇಲ್ಲೆ ಹೇಳಿ ಒಂದು ಮಾತು ಹೇಳು ಅಪ್ಪಯ್ಯ, ಎಂಗೆ ಕೆಲಸ ಸಿಗ್ತು."

"ಅದಕ್ಕೆಂತ? ದಿನಾ ಹೇಳದೇ ಅಲ್ದ" ಎಂದ. ಚೀಲ ಹೆಗಲಿಗೆ ಸರಿಮಾಡಿಕೊಂಡು ಧೈರ್ಯವಾಗಿಯೇ ಬಂದ.

ಅವನನ್ನು ಕಂಡದ್ದೇ ಆ ಹುಡುಗ ಎದ್ದು ನಿಂತ. ಮ್ಯಾನೇಜರ್ ಹಾಗಲ್ಲ, ಮನೆಗೆ ಹಿರಿಯರು ಬಂದರೆ ಹುಡುಗರು ಏಳುವ ಹಾಗೆ. ಮೇಡಂ ನೇರವಾಗಿ ಕೇಳಿದರು, "ಯಜಮಾನ್ರ, ಇವರ ಚಿಕ್ಕಮ್ಮಗೂ ನಿಮಗೂ ಏನಾರ ಸಂಬಂಧ ಐತೇನ್ರಿ?"

ಅಪ್ಪಯ್ಯ ಬಾಯಿ ತೆರೆದ. ಚೀಲವನ್ನು ಈ ಹೆಗಲಿನಿಂದ ಆ ಹೆಗಲಿಗೆ ಹಾಕಿಕೊಂಡ. ನಾನು ಹಿಂದಿನಿಂದ ಅಂಗಿ ಜಗ್ಗಿದೆ. ಮನೆಯಲ್ಲಿ ಅಷ್ಟು ಸಲೀಸಾಗಿ ಬರುತ್ತಿದ್ದ ಮಾತು, ಯಾರೂ ಕೇಳದಿದ್ದರೂ ಬರುತ್ತಿದ್ದ ಮಾತು. ಅವನು ಮೇಡಂ ಕಡೆ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ. ಆ ಹುಡುಗನನ್ನು ನೋಡಿ ಕೇಳಿದ:

"ಮಾಣಿ, ಎನ್ನ ತಂಗಿ ಹ್ಯಾಂಗಿದ್ದು?"

"ಆರಾಮಿದ್ದು ಮಾವ" ಎಂದ ಹುಡುಗ. "ಮಂಡಿ ನೋವು ಒಂದು. ಮೆಟ್ಟಿಲು ಹತ್ತಲೆ ಕಷ್ಟ ಆಗ್ತು."

"ಚಿಕ್ಕದಿರಕಾದ್ರೆ ಪೇರಲೆ ಮರದಿಂದ ಬಿದ್ದಿತ್ತು. ಅದೇ ಕಾಲೇ ಆಗಿಕ್ಕು" ಎಂದ ಅಪ್ಪಯ್ಯ. ಆಮೇಲೆ ತನ್ನ ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸುತ್ತ ನಿಂತ.

ಮೇಡಂ ಪೆನ್ನಿನ ಮುಚ್ಚಳ ಹಾಕಿದರು. "ಆತು ಬಿಡ್ರಿ" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. "ನಿಮಗ ಬ್ಯಾರೆ ಕಡೆ ಚಲೋ ಕೆಲಸಾ ಸಿಗ್ತೈತಿ ತಂಗಿ" ಎಂದು ನನ್ನ ಕೈ ತಟ್ಟಿದರು. ಆ ಕೆಲಸ ಮುಂಡಗೋಡ ಕಡೆಯ ಹುಡುಗಿಯೊಬ್ಬಳಿಗೆ ಹೋಯಿತು. ಅವಳಿಗೆ ಶಿರಸಿಯಲ್ಲಿ ಒಂದು ನರಪಿಳ್ಳೆಯ ಗುರುತೂ ಇರಲಿಲ್ಲ, ಪುಣ್ಯವಂತೆ.

ಗೇಟಿನ ಹೊರಗೆ ಬಂದವಳೇ ನಾನು ಅತ್ತುಬಿಟ್ಟೆ. ಸಿಟ್ಟಿನ ಅಳು. "ದಿನಾ ಹೇಳುವವ ಇವತ್ತೊಂದು ದಿನ ಹೇಳಲಾಗ್ತಿತ್ತಿಲ್ಯ?" ಎಂದು ರಸ್ತೆಯಲ್ಲೇ ಜಗಳ ತೆಗೆದೆ. ಅಪ್ಪಯ್ಯ ಬೈಕಿಗೆ ಕೀಲಿ ಹಾಕುತ್ತ, "ಹೇಳಲೆ ಆಜಿಲ್ಲೆ ಕೂಸೆ" ಎಂದ, ಅಷ್ಟೇ. ಇನ್ನೂ ಬೈಯೋಣವೆಂದರೆ ಅವನ ಮುಖ ನೋಡಿ ನನಗೆ ಬೈಯಲೂ ಆಗಲಿಲ್ಲ. ಅದು ಇನ್ನೊಂದು ಸಿಟ್ಟು.

ದಾರಿಯಲ್ಲಿ ಒಂದು ಕಿರಾಣಿ ಅಂಗಡಿಯೆದುರು ಬೈಕು ನಿಂತಿತು. ಅಪ್ಪಯ್ಯ ಒಂದು ಮುಷ್ಟಿ ಅಕ್ಕಿ, ಒಂದು ಪೊಟ್ಟಣ ಕುಂಕುಮ ಕೇಳಿದ. ಮುಷ್ಟಿ ಅಕ್ಕಿಗೆ ಹೇಗೆ ಬಿಲ್ಲು ಮಾಡುವುದೆಂದು ಅಂಗಡಿಯವ ತಲೆ ಕೆರೆದುಕೊಂಡು ಹಾಗೇ ಕೊಟ್ಟ. ಕಾಗದದ ಮೇಲೆ ಎರಡನ್ನೂ ಕಲಸಿ, ಮಡಚಿ, ಬ್ಯಾಂಕಿನ ಚೀಲದಲ್ಲಿ ಪೆನ್ನುಗಳ ಜೊತೆ ಇಟ್ಟುಕೊಂಡ. ಬೈಕು ಹುಲೇಕಲ್ ರಸ್ತೆಗೆ ತಿರುಗಲಿಲ್ಲ. ಯಲ್ಲಾಪುರದ ರಸ್ತೆ ಹಿಡಿಯಿತು.

"ಎಲ್ಲಿಗೆ?" ಎಂದೆ.

"ಕರೆಯಲೆ."

"ಎಂತ ಕಾರ್ಯ ಇದ್ದು ನಮ್ಮನೇಲಿ?"

"ಕಾರ್ಯ ಇಲ್ದಿದ್ರೆ ಕರೆಯಲಾಗ್ತಿಲ್ಯ?" ಎಂದ. ನಾನು ಹಿಂದೆ ಕೂತು ಹತ್ತೊಂಬತ್ತರ ಮಗ್ಗಿ ಶುರುಮಾಡಿದೆ, ಹೇಗೂ ಬೇಕಾಗುತ್ತದಲ್ಲ. ಬೇಕಾಗಿಯೇ ಬಂತು. ಪರೀಕ್ಷೆ ಮುಗಿದದ್ದೇ ಹುಬ್ಬಳ್ಳಿಗೆ ಹೋದೆ, ಸಾರಿಗೆ ಮಗ್ಗಿ ಹೇಳಿದೆ. ಆದರೆ ಊರಿಗೆ ಬರುವಾಗೆಲ್ಲ ಯಲ್ಲಾಪುರದ ಮೇಲೆ ಬರುವ ಬಸ್ಸನ್ನೇ ಹಿಡಿಯುತ್ತೇನೆ. ಅಲ್ಲಿ ಇಳಿದು ಒಂದು ರಾತ್ರಿ ಉಳಿಯದೆ ನಾನು ಮನೆಗೆ ಹೋದದ್ದಿಲ್ಲ.

ಅದೆಲ್ಲ ಆಮೇಲಿನ ಮಾತು. ಆ ದಿನ ಅತ್ತೆಯ ಮನೆಯ ಅಂಗಳದಲ್ಲಿ ನಾನು ಮೊದಲು ಇಳಿದೆ. ಅಪ್ಪಯ್ಯ ಬೈಕಿಗೆ ಸ್ಟ್ಯಾಂಡು ಹಾಕುತ್ತಲೇ ಇದ್ದ. ಎಂದೂ ಇಲ್ಲದ್ದು ಅವತ್ತು ಆ ಸ್ಟ್ಯಾಂಡು ಬೀಳುತ್ತಲೇ ಇರಲಿಲ್ಲ. ಸಪ್ಪಳ ಕೇಳಿ ಅತ್ತೆ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ನನ್ನನ್ನು ಪುಟ್ಟ ಹುಡುಗಿಯಾಗಿದ್ದಾಗ ನೋಡಿದವಳು, ಗುರುತು ಹತ್ತಲಿಲ್ಲ. ಬಿಸಿಲಿಗೆ ಕೈ ಅಡ್ಡ ಹಿಡಿದು, ನಮ್ಮ ಕಡೆ ಎಲ್ಲರೂ ಎಲ್ಲರನ್ನೂ ಕೇಳುವುದನ್ನೇ ಕೇಳಿದಳು.

"ಯಾರ ಮನೆ ಕೂಸೆ? ಎಲ್ಲಾತು?"

ಬೆಳಿಗ್ಗೆ ಅರ್ಧ ಸಭಾಂಗಣಕ್ಕೆ ಕೇಳುವ ಹಾಗೆ ಕೂಗಿದ ನಾನು ಈಗ ಅಪ್ಪಯ್ಯನಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದೆ. ಹಿಂದಿನಿಂದ ಅಪ್ಪಯ್ಯ ಹೇಳಿದ:

"ಎಂಗಳ ಮನೆದೇಯ."

ಅತ್ತೆ ಅವನನ್ನು ನೋಡಿದಳು. ಅವನ ಕೈಯಲ್ಲಿದ್ದ ಬ್ಯಾಂಕಿನ ಚೀಲ ನೋಡಿದಳು, ಅದರೊಳಗಿಂದ ಅವನು ತೆಗೆಯುತ್ತಿದ್ದ ಕುಂಕುಮ ಹತ್ತಿದ ಕಾಗದದ ಪೊಟ್ಟಣ ನೋಡಿದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಮಾತಾಡಿದ್ದು ಮಾತ್ರ ನನ್ನ ಹತ್ತಿರ.

"ಒಳಗೆ ಬಾ ಕೂಸೆ. ನಿನ್ನ ಅಪ್ಪಯ್ಯಂಗೂ ಹೇಳು, ಕಾಲು ತೊಳ್ಕಂಡು ಬರ್ಲಿ ಹೇಳಿ."

ನಾನು ತಿರುಗಿ ಹೇಳುವ ಮೊದಲೇ ಅಪ್ಪಯ್ಯ ಚಪ್ಪಲಿ ಬಿಟ್ಟಾಗಿತ್ತು.